ಫ್ರಿಜ್ಜಿನ ಹಿಂದೆ ನಿಂತ ಪ್ರೀತಿ

ಯಾರ ಸ್ವರವಾದರೂ ನನಗೆ ಬರುತ್ತದೆ. ಗಲ್ಫಿನ ರಾಯ್ ಎಂಬಲ್ಲಿರುವ ನಮ್ಮ ಸೋಫಾ ಶೋರೂಮಿನ ಮ್ಯಾನೇಜರ್ ಸ್ವರದಲ್ಲಿ ನಾನು ಗೋದಾಮಿನ ಬಾಗಿಲಲ್ಲಿ ನಿಂತು ‘ಯಲ್ಲಾ, ಯಲ್ಲಾ’ ಎಂದು ಅರಬಿಯಲ್ಲಿ ಅವಸರಪಡಿಸಿದರೆ ಸಾಕು, ಒಳಗೆ ಚಹಾ ಕುಡಿಯುವವರೆಲ್ಲ ಲೋಟ ಬಿಟ್ಟು ಏಳುತ್ತಾರೆ. ಒಮ್ಮೆ ಹಾಗೆ ಎದ್ದವರಲ್ಲಿ ಸ್ವತಃ ಮ್ಯಾನೇಜರೂ ಇದ್ದರು!

ಇಂಥ ಪ್ರತಿಭಾವಂತನಿಗೆ ಪ್ರೀತಿಯ ನಾಲ್ಕು ಮಾತು ಯಾವ ದೊಡ್ಡ ವಿಷಯ?

ಕಷ್ಟ ಇದ್ದದ್ದು ದಿನೇಶಣ್ಣನಿಗೆ. ಮಹಬೂಲಾದ ಫ್ಲ್ಯಾಟಿನಲ್ಲಿ ನನ್ನ ಜೊತೆ ಇರುವವರು, ಹೋಟೆಲಿನಲ್ಲಿ ಅಡುಗೆಯವರು. ಹೆಂಡತಿ ಶೈಲಕ್ಕ ಪುತ್ತೂರಿನಲ್ಲಿ. ನನಗೆ ಹೆಣ್ಣು ಹುಡುಕಿಕೊಟ್ಟವರೂ ಇವರೇ. ಹುಡುಗಿ ಶೈಲಕ್ಕನ ಚಿಕ್ಕಮ್ಮನ ಮಗಳು ರಶ್ಮಿ. ನಿಶ್ಚಿತಾರ್ಥ ಮುಗಿದಿತ್ತು, ಮದುವೆಗೆ ಎರಡು ತಿಂಗಳಿತ್ತು.

ನಾನು ರಶ್ಮಿಗೆ ದಿನಾ ವಾಯ್ಸ್ ಮೆಸೇಜ್ ಕಳಿಸುವುದು ಶೈಲಕ್ಕನಿಗೆ ತಿಳಿಯಿತು. ಹನ್ನೊಂದು ವರ್ಷದಲ್ಲಿ ನೀವು ‘ಊಟ ಆಯ್ತಾ’ ಬಿಟ್ಟು ಬೇರೇನು ಕೇಳಿದ್ದೀರಿ ಎಂದು ಗಂಡನಿಗೆ ಫೋನಿನಲ್ಲೇ ಗುದ್ದು ಕೊಟ್ಟರು.

“ನನಗೆ ಅದೆಲ್ಲ ಬರುದಿಲ್ಲ ಮಾರಾಯ” ಎಂದರು ದಿನೇಶಣ್ಣ. “ಗಲಾಟೆ ನಿನ್ನಿಂದ ಬಂದದ್ದು. ನೀನೇ ನನ್ನ ಸ್ವರದಲ್ಲಿ ಎಂತಾದ್ರೂ ಹೇಳಿಬಿಡು.”

ಹೇಳಿದೆ. ‘ಶೈಲಾ, ಈ ಮರಳುಗಾಡಿನಲ್ಲಿ ನನಗಿರುವ ನೆರಳು ನೀನೊಬ್ಬಳೇ.’ ಹೇಳುವಾಗ ನಾನು ಏಸಿಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದೆ ಎಂಬುದು ಬೇರೆ ಮಾತು. ಸಂಜೆ ಶೈಲಕ್ಕ ಆರು ಕೆಂಪು ಹೃದಯ ಕಳಿಸಿದರು. ದಿನೇಶಣ್ಣ ಗಾಬರಿಯಿಂದ ಫೋನು ತೋರಿಸಿ, “ಇದು ಬೈದದ್ದಾ?” ಎಂದು ಕೇಳಿದರು.

ಅಲ್ಲಿಂದ ಪ್ರತಿದಿನ ಎರಡು ಮೆಸೇಜ್, ಇಬ್ಬರು ಹೆಂಗಸರು, ಒಂದೇ ಗಂಟಲು. ಸರಕು ಮುಗಿದಾಗ ಹೆಸರು ಮಾತ್ರ ಬದಲಿಸಿ ಒಂದೇ ಮಾತನ್ನು ಎರಡೂ ಕಡೆ ಸರಬರಾಜು ಮಾಡಿದೆ. ಒಮ್ಮೆ ರಶ್ಮಿಗೆ ಕಳಿಸಿದ್ದರಲ್ಲಿ ದಿನೇಶಣ್ಣನ ಕೆಮ್ಮು ಸೇರಿಕೊಂಡಿತ್ತು. ಯಾವ ಪ್ರೀತಿ ಯಾರದು ಎಂದು ಉತ್ಪಾದಕನಿಗೇ ತಿಳಿಯದ ಸ್ಥಿತಿ!

ಅಷ್ಟರಲ್ಲಿ ಶೈಲಕ್ಕನ ಆದೇಶ ಬಂತು. ಶುಕ್ರವಾರ ವಿಡಿಯೋ ಕಾಲ್. ಆ ನೆರಳಿನ ಮಾತನ್ನು ಮುಖ ನೋಡಿ ಹೇಳಬೇಕು.

ಯೋಜನೆ ಸರಳವಿತ್ತು. ದಿನೇಶಣ್ಣ ಫೋನಿನ ಮುಂದೆ ಕೂತು ಬಾಯಿ ಆಡಿಸುವುದು, ನಾನು ಫ್ರಿಜ್ಜಿನ ಹಿಂದೆ ನಿಂತು ಪ್ರೀತಿಸುವುದು. ಆರಂಭ ಭವ್ಯವಾಗಿತ್ತು. ಆದರೆ ‘ಮರಳುಗಾಡಿನಲ್ಲಿ’ ಎಂಬಲ್ಲಿಗೆ ಬಂದಾಗ ದಿನೇಶಣ್ಣ ಅಭ್ಯಾಸಬಲದಿಂದ ಚಹಾದ ಲೋಟ ಎತ್ತಿದರು. ನನಗೆ ಕಾಣಲಿಲ್ಲ. ಅವರು ಗುಟುಕು ಗುಟುಕಾಗಿ ಕುಡಿಯುತ್ತಿದ್ದಂತೆ ಅವರ ಸ್ವರ ನೆರಳು, ತಂಪು, ಜನ್ಮಜನ್ಮಾಂತರ ಎಂದು ಮುಂದುವರಿಯಿತು.

ಫೋನಿನಲ್ಲಿ ರಶ್ಮಿಯ ಸ್ವರ. ಅವಳು ಅಕ್ಕನ ಪಕ್ಕದಲ್ಲೇ ಕೂತಿದ್ದಳು!

“ಭಾವ, ಫ್ರಿಜ್ಜಿನ ಬದಿಯಲ್ಲಿ ಒಂದು ಮೊಣಕೈ ಕಾಣ್ತಾ ಉಂಟು. ಅದರ ಯಜಮಾನರನ್ನು ಕರೀರಿ. ಬೆಳಿಗ್ಗೆ ನನಗೂ ಇದೇ ನೆರಳು ಕಳಿಸಿದ್ದಾರೆ.”

ಮೊಣಕೈಯನ್ನೂ ಉಳಿದ ನನ್ನನ್ನೂ ಹೊರಗೆ ತಂದೆ. ಶೈಲಕ್ಕನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಚಹಾದ ಹೊತ್ತಿಗೆ ಮನೆಯವರೆಲ್ಲ ಕೂತು ನನ್ನ ಪ್ರೀತಿ ಕೇಳುತ್ತಿದ್ದರಂತೆ. ಅವರ ಅತ್ತೆಗೆ ಮರಳುಗಾಡಿನದ್ದು ಬಹಳ ಇಷ್ಟವಾಗಿ ಎರಡೆರಡು ಸಲ ಹಾಕಿಸಿದರಂತೆ.

ದಿನೇಶಣ್ಣ ಬೆವರಿದರು. ಲೋಟ ಕೆಳಗಿಟ್ಟು, “ಶೈಲಾ, ಊಟ ಆಯ್ತಾ?” ಎಂದರು.

ಶೈಲಕ್ಕ “ಆಯ್ತು. ನಿಮ್ಮದು?” ಎಂದರು. ಅಷ್ಟೇ. ದಿನೇಶಣ್ಣನಿಗೆ ಕ್ಷಮೆ ಸಿಕ್ಕಿತು! ನಾನು ಅಲ್ಲೇ ನಿಂತು ಇದು ಹೇಗಾಯಿತು ಎಂದು ಯೋಚಿಸುತ್ತಿದ್ದೆ.

“ನೀವು ನಿಮ್ಮದೇ ಸ್ವರದಲ್ಲಿ ಒಂದು ಮಾತು ಕಳಿಸಿ” ಎಂದಳು ರಶ್ಮಿ. “ಮತ್ತೆ ಮದುವೆ ವಿಷಯ ನೋಡುವ.”

ಎರಡು ದಿನ ಬಾಯಿ ತೆರೆದೆ. ಒಮ್ಮೆ ಮ್ಯಾನೇಜರ್ ಬಂದರು, ಒಮ್ಮೆ ದಿನೇಶಣ್ಣ, ಒಮ್ಮೆ ರೇಡಿಯೋದ ವಾರ್ತೆ. ನಾನು ಮಾತ್ರ ಬರಲಿಲ್ಲ. ಮೂರನೇ ದಿನ ಕಂಪನಿ ಬಸ್ಸಿನ ಕೊನೆಯ ಸೀಟಿನಲ್ಲಿ ಸುಸ್ತಾಗಿ ಕೂತಿದ್ದಾಗ, “ರಶ್ಮಿ, ನನಗೆ ಹೆದರಿಕೆ ಆಗ್ತಾ ಉಂಟು. ಮದುವೆ ಬೇಡ ಅನ್ನಬೇಡ” ಎಂದೆ. ಒಡೆದ, ತೆಳ್ಳನೆಯ, ನಾನು ಎಂದೂ ಕೇಳಿರದ ಸ್ವರ. ಕಳಿಸಿಬಿಟ್ಟೆ.

ಒಂದು ಗಂಟೆಯ ಮೇಲೆ ಉತ್ತರ ಬಂತು. “ಇದು ಯಾರ ಮಿಮಿಕ್ರಿ? ಸ್ವಲ್ಪವೂ ಸರಿಯಾಗಲಿಲ್ಲ. ನಾಳೆ ಇನ್ನೊಮ್ಮೆ ಕಳಿಸಿ.”

ಈಗ ದಿನಾ ಅಭ್ಯಾಸ ನಡೆದಿದೆ. ದಿನೇಶಣ್ಣ ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸುತ್ತಾರೆ. ಇನ್ನೂ ನನ್ನ ಸ್ವರದ ಹಾಗೆ ಕೇಳಿಸುವುದಿಲ್ಲವಂತೆ.