‘ಪರವಾಗಿಲ್ಲ’ ಎಂದು ಬರೆದು ಅನುದಾನ ಕಳೆದುಕೊಂಡ ಊರಿನಿಂದ

ಗೆ,
ಉತ್ತರ ತೀರ ಸಮುದಾಯ ನಿಧಿಯ ಅರ್ಜಿ ಸ್ವೀಕರಿಸುವ ಜಾಲತಾಣ,
ವಿಳಾಸ: ಪಾಸ್‌ವರ್ಡ್ ನೆನಪಿದ್ದವರಿಗೆ ಮಾತ್ರ.

ಮಾನ್ಯರೇ,

ವಿನ್ನಿಪೆಗ್ ಸರೋವರದ ಪಶ್ಚಿಮ ದಡದ ಸ್ಯಾಂಡ್‌ವಿಕ್ ಕರ್ಲಿಂಗ್ ಕ್ಲಬ್ಬಿನ ಸಮಸ್ತ ಸದಸ್ಯರ, ಅಂದರೆ ಊರಿನಲ್ಲಿ ಇನ್ನೂ ಉಳಿದಿರುವ ಎಲ್ಲರ, ಪರವಾಗಿ ತಮ್ಮ ಸನ್ನಿಧಾನಕ್ಕೆ ನಮಸ್ಕಾರಗಳು. ತಾವು ಮನುಷ್ಯರಲ್ಲ, ಬರೀ ಯಂತ್ರ, ಯಂತ್ರಕ್ಕೆ ಯಾರಾದರೂ ‘ಮಾನ್ಯರೇ’ ಎಂದು ಬರೆಯುತ್ತಾರೆಯೇ ಎಂದು ನಮ್ಮ ಅಧ್ಯಕ್ಷರಾದ ಮಾರ್ವಿನ್ ಸಿಗುರ್ಡ್‌ಸನ್ ಅವರು ಆಕ್ಷೇಪಿಸಿದರು. ಆದರೆ ಇದೇ ಮಾರ್ವಿನ್ ಪೇಟೆಯ ಅಂಗಡಿಯಲ್ಲಿ ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲಿಗೆ ಥ್ಯಾಂಕ್ಸ್ ಹೇಳಿ ಒಳಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಅವರ ಆಕ್ಷೇಪಣೆಯನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

ಮೊದಲಿಗೆ ನನ್ನ ಪರಿಚಯ. ನಾನು ಥೋರಾ ಎಗಿಲ್ಸನ್, ಕ್ಲಬ್ಬಿನ ಗೌರವ ಕಾರ್ಯದರ್ಶಿ. ಈ ಹುದ್ದೆಗೆ ನಾನು ಏರಿದ್ದು ಸ್ವಂತ ಯೋಗ್ಯತೆಯಿಂದ ಎಂದು ತಾವು ತಪ್ಪು ತಿಳಿಯಬಾರದು. ಚುನಾವಣೆ ನಡೆಯುವಾಗ ನಾನು ಒಳಗೆ ಅಡುಗೆಮನೆಯಲ್ಲಿ ಕಾಫಿ ಇಳಿಸುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ಆ ಮೇಲೆ ‘ಅನುದಾನ ಪಡೆಯುವ ಕಲೆ’ ಎಂಬ ಆನ್‌ಲೈನ್ ತರಬೇತಿಯನ್ನೂ ಮುಗಿಸಿ, ಅದರ ಪ್ರಮಾಣಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ಅದನ್ನು ನೋಡಿ ನನಗೇ ನಗು ಬರುತ್ತದೆ.

ವಿಷಯ ಇಷ್ಟೇ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಮುಂದೆ ಮುಂದೆ ಪೊರಕೆಯಿಂದ ಗುಡಿಸುತ್ತಾ ಓಡುವ ನಮ್ಮ ಈ ಆಟಕ್ಕೆ ಚಪ್ಪಟೆಯಾದ, ಹದವಾದ ಐಸ್ ಬೇಕು. ಹೊರಗೆ ಎಷ್ಟೇ ಚಳಿ ಕೊರೆಯುತ್ತಿದ್ದರೂ ಒಳಗಿನ ಆ ಐಸನ್ನು ಹದದಲ್ಲಿಡಲು ಕಂಪ್ರೆಸರ್ ಬೇಕು. ನಮ್ಮ ಕಂಪ್ರೆಸರ್ ಕಳೆದ ವಸಂತದಲ್ಲಿ ಒಂದು ಸಲ ಗೊರಕೆ ಹೊಡೆದು ತಣ್ಣಗಾಯಿತು. ಮೆಕ್ಯಾನಿಕ್ ಬಂದು ನೋಡಿ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ ಟೋಪಿ ತೆಗೆದಾಗಲೇ ನಮಗೆ ಅರ್ಥವಾಯಿತು. ಐಸ್ ಇಲ್ಲವೆಂದರೆ ಆಟವಿಲ್ಲ, ಅಷ್ಟೇ ತಾನೇ ಎಂದು ತಮಗೆ ಅನ್ನಿಸಬಹುದು. ಚರ್ಚಿಗೆ ಬೀಗ ಬಿದ್ದು, ಶಾಲೆ ಮುಚ್ಚಿ, ಅಂಚೆ ಕಚೇರಿಯೂ ಎದ್ದುಹೋದ ಮೇಲೆ, ನವೆಂಬರಿನಿಂದ ಮಾರ್ಚಿನವರೆಗೆ ನಮ್ಮೂರಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವ ಜಾಗ ಎಂದರೆ ಅದೊಂದೇ.

ಹೀಗಾಗಿ ‘ಕೆನಡಾದ ಲಾಭರಹಿತ ಸಂಸ್ಥೆಗಳಿಗೂ ಸಮುದಾಯ ಗುಂಪುಗಳಿಗೂ ಇರುವ ಅನುದಾನಗಳು’ ಎಂಬ ತಮ್ಮ ಪುಟಕ್ಕೆ ನಾನು ಭಕ್ತಿಯಿಂದ ಬಂದೆ. ಆಹಾ, ಎಂಥ ಭಂಡಾರ! ಹೊಸದಾಗಿ ಏನನ್ನಾದರೂ ಶುರು ಮಾಡುವವರಿಗೆ ಹಣ, ಶುರು ಮಾಡುವುದು ಹೇಗೆಂದು ಯೋಚಿಸುವವರಿಗೆ ಹಣ, ಹಾಗೆ ಯೋಚಿಸಿದ್ದರ ಬಗ್ಗೆ ವರದಿ ಬರೆಯುವವರಿಗೂ ಹಣ. ಇದ್ದದ್ದನ್ನು ಇದ್ದ ಹಾಗೆ ನಡೆಸಿಕೊಂಡು ಹೋಗುವವರಿಗೆ ಮಾತ್ರ ಶುಭಾಶಯ. ಅದೂ ಸಾಲದೆಂಬಂತೆ, ತಾವು ಹಣ ಕೊಡಬೇಕಾದರೆ ನಮ್ಮ ಪಾಲಿನ ಅರ್ಧ ಮೊದಲು ಕೈಯಲ್ಲಿರಬೇಕು, ಆ ಅರ್ಧವನ್ನು ಕೊಡಬಲ್ಲವರೋ, ಮೊದಲು ನಿಧಿಯವರು ಕೊಡಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಮಾತನ್ನು ಇಷ್ಟು ಶಿಸ್ತಾಗಿ ನಿಯಮದ ರೂಪಕ್ಕೆ ತಂದವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಒಂದು ವಾಕ್ಯ ಯೋಚಿಸಿ ಟೈಪು ಮಾಡುವಷ್ಟರಲ್ಲಿ ತಾವು ನನ್ನನ್ನು ಹೊರಗೆ ಹಾಕಿ, ‘ಭದ್ರತೆಯ ದೃಷ್ಟಿಯಿಂದ’ ಮತ್ತೆ ಒಳಗೆ ಬರುವಂತೆ ಹೇಳುತ್ತಿದ್ದಿರಿ. ನನ್ನ ವಾಕ್ಯದಿಂದ ದೇಶದ ಭದ್ರತೆಗೆ ಅಪಾಯವಾಗಬಹುದೆಂದು ಯೋಚಿಸಿದವರು ಈವರೆಗೆ ತಾವೊಬ್ಬರೇ, ಅದಕ್ಕಾಗಿ ಕೃತಜ್ಞಳು.

ಆದರೂ ನಿಜ ಹೇಳುತ್ತೇನೆ, ತಪ್ಪು ತಮ್ಮದಲ್ಲ. ತಪ್ಪೆಲ್ಲ ನಮ್ಮದೇ. ತಾವು ಕೇಳಿದ ಪ್ರಶ್ನೆ ಸರಳವಾಗಿತ್ತು: ‘ತಮ್ಮ ಅಗತ್ಯ ಎಷ್ಟು ತೀವ್ರವಾಗಿದೆ, ವಿವರಿಸಿ.’ ತರಬೇತಿಯಲ್ಲಿ ಕಲಿತಂತೆ ನಾನು, ‘ಕಂಪ್ರೆಸರ್ ಸತ್ತಿದೆ, ಹೊಸದು ಬರದಿದ್ದರೆ ಈ ಊರು ಈ ಚಳಿಗಾಲದಲ್ಲಿ ಮುಗಿಯುತ್ತದೆ’ ಎಂದು ಬರೆದು, ಕ್ಲಬ್ಬಿನ ಅಡುಗೆಮನೆಯಲ್ಲಿ ಸೇರಿದ್ದ ಸಮಿತಿಯ ಮುಂದೆ ಗಟ್ಟಿಯಾಗಿ ಓದಿದೆ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಕಾಫಿ ಲೋಟ ನೋಡತೊಡಗಿದರು, ನಾನೇನೋ ಬಟ್ಟೆ ಬಿಚ್ಚಿ ನಿಂತಿದ್ದೇನೆ ಎಂಬಂತೆ.

“ಅಯ್ಯೋ, ಸತ್ತಿದೆ ಅಂತೆಲ್ಲ ಬರೀಬೇಡ ಥೋರಾ,” ಎಂದರು ಮಾರ್ವಿನ್. “ಓದಿದೋರು ಏನಂದ್ಕೋತಾರೆ? ಸ್ವಲ್ಪ ಸುಸ್ತಾಗಿದೆ ಅಂತ ಹಾಕು.”

“ಮೆಕ್ಯಾನಿಕ್ ಟೋಪಿ ತೆಗೆದ, ಮಾರ್ವಿನ್!”

“ತೆಗೀಲಿ ಬಿಡು. ಊರು ಮುಗಿಯತ್ತೆ ಅನ್ನೋದಂತೂ ತೀರಾ ಅತಿ ಆಯ್ತು. ಸ್ವಲ್ಪ ಅನಾನುಕೂಲ ಆಗತ್ತೆ, ಆದ್ರೂ ಪರವಾಗಿಲ್ಲ, ಅಂತ ಬರೀ. ನೋಡಿದ್ರೆ ಮರ್ಯಾದಸ್ಥರು ಅನ್ನಿಸ್ಬೇಕು.”

ನಮ್ಮ ಆಟದ ಒಂದು ಕಟ್ಟಳೆಯನ್ನು ಇಲ್ಲಿ ತಮಗೆ ಅರಿಕೆ ಮಾಡಿಕೊಳ್ಳಲೇಬೇಕು. ನಮ್ಮಲ್ಲಿ ತೀರ್ಪುಗಾರರಿಲ್ಲ. ಗುಡಿಸುವಾಗ ಪೊರಕೆ ಓಡುವ ಕಲ್ಲಿಗೆ ಸೋಂಕಿದರೆ, ಬೇರೆ ಯಾರೂ ನೋಡದಿದ್ದರೂ, ಸೋಂಕಿಸಿದವರೇ ಕೈ ಎತ್ತಿ ‘ನಂದು ತಪ್ಪಾಯ್ತು’ ಎನ್ನಬೇಕು. ಗೆದ್ದವರು ಸೋತವರಿಗೆ ಬಿಯರ್ ಕೊಡಿಸಬೇಕು. ಹುಟ್ಟಿದಾಗಿನಿಂದ ಹೀಗೆ ಆಡಿ ಬೆಳೆದವರನ್ನು ತಂದು ಅನುದಾನದ ಅರ್ಜಿಯ ಮುಂದೆ ಕೂರಿಸಿದರೆ ಏನಾಗಬಹುದೋ ಅದೇ ಆಯಿತು. ‘ತಮ್ಮ ಸಂಸ್ಥೆಯ ವೈಶಿಷ್ಟ್ಯವೇನು?’ ಎಂಬಲ್ಲಿ ‘ವಿಶೇಷವೇನಿಲ್ಲ’ ಎಂದು ಬರೆಸಿದರು. ‘ತಮ್ಮ ಸಾಧನೆಗಳು?’ ಎಂಬಲ್ಲಿ, ಪ್ರಾಂತ್ಯದ ಪಂದ್ಯಾವಳಿಯಲ್ಲಿ ಒಂದು ಸಲ ಕಪ್ ಗೆದ್ದಿದ್ದೆವೆಂದೂ, ಎದುರು ತಂಡದ ನಾಯಕನಿಗೆ ಅವತ್ತು ಜ್ವರವಿತ್ತೆಂದೂ ಸೇರಿಸಿದರು. ಕೊನೆಗೆ ‘ಇನ್ನೇನಾದರೂ ಹೇಳುವುದಿದೆಯೇ?’ ಎಂಬ ಖಾಲಿ ಜಾಗ ಬಂದಾಗ ಮಾರ್ವಿನ್ ಗಂಟಲು ಸರಿಮಾಡಿಕೊಂಡು, “ಪಕ್ಕದೂರು ಕಲೀನಾದವರ ಕ್ಲಬ್ಬಿನ ಚಾವಣಿ ಹಿಮದ ಭಾರಕ್ಕೆ ಕುಸಿದಿದೆಯಂತೆ, ಪಾಪ. ನಮಗಿಂತ ಅವರಿಗೆ ಅಗತ್ಯ ಜಾಸ್ತಿ ಅಂತ ಹಾಕಮ್ಮ, ನ್ಯಾಯ ನ್ಯಾಯಾನೇ,” ಎಂದರು. ಅದನ್ನೂ ಹಾಕಿದೆ. ಪ್ರಮಾಣಪತ್ರ ಪಡೆದ ನಾನು, ಎರಡು ಕೈಯಿಂದ ಟೈಪು ಮಾಡಿ, ನಾನೇ ಗುಂಡಿ ಒತ್ತಿ ಕಳಿಸಿದೆ.

ತಮ್ಮ ಉತ್ತರ ಬಹಳ ಸೌಜನ್ಯದಿಂದ ಕೂಡಿತ್ತು. ‘ಅರ್ಜಿದಾರರೇ ಒಪ್ಪಿಕೊಂಡಂತೆ ಅಗತ್ಯವು ತೀವ್ರವಾಗಿಲ್ಲವಾದ್ದರಿಂದ ವಿಷಾದಿಸುತ್ತೇವೆ’ ಎಂದಿತ್ತು. ಅಳದ ಮಗುವಿಗೆ ಹೆತ್ತ ತಾಯಿಯೇ ಹಾಲು ಕೊಡುವುದಿಲ್ಲ, ಇನ್ನು ತಾವು ಯಾವ ಲೆಕ್ಕ! ಪಕ್ಕದ ಮಗುವಿಗೆ ಕೊಡಿ ಎಂದು ನಾವೇ ಹೇಳಿದ್ದೆವಲ್ಲ, ಕಲೀನಾದವರಿಗಾದರೂ ಸಿಕ್ಕಿರಬೇಕು ಎಂದುಕೊಂಡು, ಬೇಸರವಾದರೂ ಮುಖ ಗಂಟು ಹಾಕದೆ ಸುಮ್ಮನಾದೆವು.

ಈಗ ಒಬ್ಬರ ಬಗ್ಗೆ ಹೇಳಬೇಕು. ಅವರ ಹೆಸರು ಐನರ್. ನನ್ನ ತಂದೆಯ ಕಾಲದಿಂದಲೂ ನಮ್ಮ ಕ್ಲಬ್ಬಿನ ಐಸ್ ಹದ ಮಾಡುವವರು ಅವರೇ. ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತಾ, ಐಸಿನ ಮೇಲೆ ಸಣ್ಣ ಸಣ್ಣ ಹನಿ ಚಿಮುಕಿಸುತ್ತಾರೆ. ಹೆಂಡತಿ ಸಿಗ್ಗಾ ತೀರಿಕೊಂಡ ಮೇಲೆ ಅವರಿಗೆ ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇಲ್ಲ. ಕ್ಲಬ್ಬಿಗೆ ಬಂದರೆ ಮಾತ್ರ ಎಲ್ಲರಿಗೂ ಬೈಯುತ್ತಾ ಬೆಳಗಿನಿಂದ ಸಂಜೆಯವರೆಗೆ ಗೆಲುವಾಗಿರುತ್ತಿದ್ದರು. ನವೆಂಬರ್ ಬಂತು, ಕ್ಲಬ್ಬಿನ ಬಾಗಿಲು ತೆರೆಯಲಿಲ್ಲ. ಮನೆಮುಂದೆ ಹಿಮ ಬಿದ್ದರೂ ಐನರ್ ಕೆರೆದು ದಾರಿ ಮಾಡಿಲ್ಲವೆಂದು ಕಂಡು, ಒಂದು ಮಧ್ಯಾಹ್ನ ಮೀನಿನ ಸೂಪು ಹಿಡಿದುಕೊಂಡು ಹೋದೆ. ಕೋಟು ಹಾಕಿಕೊಂಡೇ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಆ ನೀರಿನ ಡಬ್ಬಿ ಎದುರಿಗಿತ್ತು. ಮೊದಲೇ ಹೊಳೆಯುತ್ತಿದ್ದ ಅದರ ಮೂತಿಯನ್ನು ಬಟ್ಟೆಯಿಂದ ಉಜ್ಜುತ್ತಿದ್ದರು.

“ಹೇಗಿದ್ದೀರಿ, ಐನರ್?” ಎಂದೆ.

ಬಾಯಿ ತೆರೆದರು, ಸ್ವರ ಬರಲಿಲ್ಲ. ಕೆಮ್ಮಿ, ಮತ್ತೆ ಕೆಮ್ಮಿ, ಎಷ್ಟೋ ದಿನದಿಂದ ಬಳಸದೆ ತುಕ್ಕು ಹಿಡಿದ ಗಂಟಲಿನಿಂದ ಹೇಳಿದರು: “ಪರವಾಗಿಲ್ಲಮ್ಮ.”

ಮಾನ್ಯರೇ, ನನಗೆ ಅಲ್ಲೇ ಅಳು ಬಂತು. ಅರ್ಜಿಯಲ್ಲಿ ನಾನು ನನ್ನ ಕೈಯಾರೆ ಟೈಪು ಮಾಡಿದ ಮಾತು ಅದೇ ಆಗಿತ್ತು. ತಾವು ಅದನ್ನು ನಂಬಿದಿರಿ ಎಂದು ನಾನು ತಮ್ಮ ಮೇಲೆ ಸಿಟ್ಟಾಗಿದ್ದೆ. ಎದುರು ಮನೆಯವಳಾದ ನಾನೂ ಇಷ್ಟು ದಿನ ರಸ್ತೆಯಿಂದಲೇ ಕೈ ಬೀಸಿ, ಅದನ್ನೇ ನಂಬಿ, ಒಳಗೆ ಹೋಗಿ ಬೆಚ್ಚಗೆ ಕೂತಿದ್ದೆ. ಯಂತ್ರ ಯಾರು ಎಂದು ಮಾರ್ವಿನ್ ಅವರನ್ನು ಇನ್ನೊಮ್ಮೆ ಕೇಳಬೇಕು.

ಸೂಪು ಅಲ್ಲೇ ಇಟ್ಟು, ಟ್ರಕ್ಕು ಹತ್ತಿ ನೇರ ಕಲೀನಾಕ್ಕೆ ಹೋದೆ. ಅಲ್ಲಿನ ಕ್ಲಬ್ಬಿನ ಅಧ್ಯಕ್ಷೆ ಸ್ಟೆಫ್ಕಾ ಹ್ರಿಟ್ಸಾಕ್ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರ ಜೊತೆ ಕೂತು, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬುಗಳ ಅಂಚು ಒತ್ತುತ್ತಿದ್ದಳು. ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಪೀಠಿಕೆ, ಹವಾಮಾನದ ಮಾತು, ಸರೋವರದಲ್ಲಿ ಈ ಸಲದ ಮೀನಿನ ಕಥೆ, ಎಲ್ಲ ಮರೆತುಹೋಯಿತು. “ಸ್ಟೆಫ್ಕಾ, ನಾವು ಚೆನ್ನಾಗಿಲ್ಲ. ಸಹಾಯ ಬೇಕು,” ಎಂದುಬಿಟ್ಟೆ. ನನ್ನ ಜೀವಮಾನದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಹೆಂಗಸರೆಲ್ಲ ಹಿಟ್ಟಿನ ಕೈ ಹಾಗೇ ನಿಲ್ಲಿಸಿದರು.

“ಅಬ್ಬಾ, ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನೇ?” ಎಂದಳು ಸ್ಟೆಫ್ಕಾ. “ನಮ್ಮ ಚಾವಣಿ ಬಿದ್ದಿದೆ, ಕಂಪ್ರೆಸರ್ ಮಾತ್ರ ಗುಂಡುಕಲ್ಲಿನ ಹಾಗಿದೆ. ಹೋದ ಚಳಿಗಾಲದಿಂದ ಸುಮ್ನೆ ಕೂತಿದೆ. ತಗೊಂಡ್ಹೋಗು.”

“ಮತ್ತೆ ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?”

“ನಾವಾಗಿ ಹೇಳಿದ್ರೆ ನಿಮಗೆ ಬೇಜಾರಾದ್ರೆ? ಹಳೇ ಸಾಮಾನು ದಾನ ಮಾಡೋಕೆ ಬಂದ್ರು ಅಂದ್ಕೊಂಡ್ರೆ? ಅಲ್ದೆ, ನಿಮಗೆ ಅನುದಾನ ಸಿಕ್ಕಿರತ್ತೆ ಅಂತಿದ್ವಿ. ನಮ್ಮ ಅರ್ಜೀಲಿ ಬರೆದಿದ್ವಲ್ಲ, ಮೊದಲು ಸ್ಯಾಂಡ್‌ವಿಕ್‌ನೋರಿಗೆ ಕೊಡಿ, ನಮ್ದು ಪರವಾಗಿಲ್ಲ ಅಂತ.”

ಹೌದು ಮಾನ್ಯರೇ. ತಾವು ಒಂದೇ ದಿನ, ಒಂದೇ ಒಕ್ಕಣೆಯಲ್ಲಿ, ಎರಡೂ ಊರಿಗೆ ವಿಷಾದಿಸಿದ್ದಿರಿ. ಒಬ್ಬರಿಗೆ ಚಾವಣಿ ಇತ್ತು, ಯಂತ್ರವಿರಲಿಲ್ಲ. ಇನ್ನೊಬ್ಬರಿಗೆ ಯಂತ್ರವಿತ್ತು, ಚಾವಣಿ ಇರಲಿಲ್ಲ. ಎರಡೂ ಅರ್ಜಿಗಳು ತಮ್ಮ ಹೊಟ್ಟೆಯೊಳಗೆ ಅಕ್ಕಪಕ್ಕ ಮಲಗಿ, ಒಂದು ಇನ್ನೊಂದರ ಹೆಸರು ಹೇಳುತ್ತಿದ್ದವು. ಅಷ್ಟು ಗದ್ದಲದಲ್ಲೂ ತಾವು ನಿದ್ದೆಗೆಡಲಿಲ್ಲವಲ್ಲ, ಆ ಸ್ಥಿತಪ್ರಜ್ಞತೆಗೆ ನಾವು ಎರಡೂ ಊರಿನವರು ಸೇರಿ ಕೈ ಮುಗಿಯುತ್ತೇವೆ. ನಾವಂತೂ ಒಂದೇ ರಸ್ತೆಯ ಎರಡು ತುದಿಯಲ್ಲಿದ್ದವರು. ನಮಗೆ ಗೊತ್ತಾಗದ್ದು ತಮಗೆ ಗೊತ್ತಾಗಬೇಕಿತ್ತು ಎನ್ನಲು ಯಾವ ಬಾಯಿದೆ?

ಲೈಸೆನ್ಸ್ ಇರುವ ಮೆಕ್ಯಾನಿಕ್‌ನನ್ನು ಕರೆಸಿ, ಗೋಧಿ ಸಾಗಿಸುವ ಲಾರಿಯಲ್ಲಿ ಕಂಪ್ರೆಸರ್ ತಂದು ಕೂರಿಸಿದೆವು. ಈಗ ಕಲೀನಾದವರು ಪೆರೋಗಿ ತರುತ್ತಾರೆ, ನಾವು ಮೀನು ಹುರಿಯುತ್ತೇವೆ, ನಮ್ಮ ಏಳು ಪದರದ ಕೇಕನ್ನು ಅವರು ಒಣಕಲು ಎನ್ನುತ್ತಾರೆ, ಅವರ ಪೊರಕೆ ಹಿಡಿಯುವ ರೀತಿಯನ್ನು ಐನರ್ ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಾರೆ. ಕೆಮ್ಮು ಪೂರ್ತಿ ಹೋಗಿದೆ. ಸ್ವರ ಎಷ್ಟು ಜೋರಾಗಿದೆಯೆಂದರೆ ಪಾರ್ಕಿಂಗಿನವರೆಗೂ ಕೇಳಿಸುತ್ತದೆ.

ಇಂಥ ಸಮಯದಲ್ಲಿ, ಯಾರು ಸುದ್ದಿ ಮುಟ್ಟಿಸಿದರೋ, ತಮ್ಮ ಹೊಸ ಪತ್ರ ಬಂದಿದೆ. ‘ಎರಡು ಸಮುದಾಯಗಳ ಈ ಸಹಭಾಗಿತ್ವ ಸ್ಫೂರ್ತಿದಾಯಕವಾಗಿದ್ದು, ನಿಧಿಯ ಲಾಂಛನದೊಂದಿಗೆ ಯಶೋಗಾಥೆಯಾಗಿ ಪ್ರಕಟಿಸಲು ಫೋಟೋ ಕಳಿಸಿ’ ಎಂದೂ, ಅದರ ಕೆಳಗೇ, ‘ಸ್ವಾವಲಂಬನೆ ಸಾಧಿಸಿರುವುದರಿಂದ ಮುಂದಿನ ವರ್ಷದ ಅನುದಾನಕ್ಕೆ ತಾವು ಅರ್ಹರಲ್ಲ’ ಎಂದೂ ಇದೆ. ಮಾರ್ವಿನ್ ಓದಿ, “ಪಾಪ, ಎಷ್ಟು ಚೆನ್ನಾಗಿ ಬರೆದಿದ್ದಾರೆ,” ಎಂದರು. ಅವರ ಈ ಕಾಯಿಲೆ ವಾಸಿಯಾಗುವುದಿಲ್ಲ.

ತಮ್ಮಲ್ಲಿ ನಮ್ಮ ಕೋರಿಕೆಗಳು ಅಲ್ಪ. ‘ತಾವು ಯಾವ ಬದಲಾವಣೆ ತರುವಿರಿ?’ ಎಂಬ ಪ್ರಶ್ನೆಯ ಪಕ್ಕದಲ್ಲಿ, ‘ಏನೂ ಬದಲಾಗದಿದ್ದರೆ ಸಾಕು’ ಎಂದು ಗುರುತು ಹಾಕಲು ಒಂದು ಚಿಕ್ಕ ಚೌಕವಿರಲಿ. ಇಲ್ಲಿನ ಜನ ತಮ್ಮ ಕಷ್ಟ ತಾವು ಹೇಳುವವರಲ್ಲ, ಪಕ್ಕದವರ ಕಷ್ಟವಾದರೆ ಕಣ್ಣೀರು ಹಾಕಿ ಹೇಳುತ್ತಾರೆ, ಆದ್ದರಿಂದ ಇನ್ನು ಮುಂದೆ ನಮ್ಮ ಅರ್ಜಿಯನ್ನು ಕಲೀನಾದವರೂ ಅವರ ಅರ್ಜಿಯನ್ನು ನಾವೂ ತುಂಬುವಂತೆ ಆಜ್ಞೆಯಾಗಲಿ. ಕೊನೆಯದಾಗಿ, ತಾವೇ ಸ್ವತಃ ಒಂದು ಶನಿವಾರ ಬಂದು ಒಂದು ಕಲ್ಲು ಜಾರಿಸಿ ಹೋಗಬೇಕು. ಕೈಕಾಲಿಲ್ಲವೆಂಬ ಸಂಕೋಚ ಬೇಡ, ಮಂಡಿ ಬದಲಾಯಿಸಿಕೊಂಡವರಿಗೆ ನಿಂತೇ ಕಲ್ಲು ತಳ್ಳುವ ಕೋಲಿದೆ. ತಮ್ಮ ಪೊರಕೆ ಕಲ್ಲಿಗೆ ಸೋಂಕಿದರೆ ಮಾತ್ರ ತಾವೇ ಕೈ ಎತ್ತಿ ಹೇಳಬೇಕು.

ತಮ್ಮ ವಿಶ್ವಾಸಿ, ತಮ್ಮ ವಿಷಾದಕ್ಕೆ ಎರಡನೆಯ ಸಲ ಪಾತ್ರಳಾದ,
ಥೋರಾ ಎಗಿಲ್ಸನ್
ಗೌರವ ಕಾರ್ಯದರ್ಶಿ (ಈ ಸಲವೂ ಕಾಫಿ ಇಳಿಸುತ್ತಿದ್ದಾಗಲೇ ಮರು ಆಯ್ಕೆ)

ಮ.ವಿ.: ‘ನಮ್ಮ ಸೇವೆ ತಮಗೆ ಹೇಗನ್ನಿಸಿತು?’ ಎಂದು ತಾವು ಕೇಳಿದ್ದಕ್ಕೆ ಉತ್ತರ ಬರೆಯಲು ಐನರ್ ಅವರನ್ನೇ ಕೂರಿಸಿದೆ. ಬಹಳ ಹೊತ್ತು ಯೋಚಿಸಿ, ಒಂದೇ ಬೆರಳಿನಲ್ಲಿ ‘ಪರವಾಗಿಲ್ಲ’ ಎಂದು ಟೈಪು ಮಾಡಿದ್ದಾರೆ. ನಮ್ಮೂರಿನಲ್ಲಿ ಆ ಮಾತನ್ನು ಎಂಥ ಹೊತ್ತಿನಲ್ಲಿ ಆಡುತ್ತಾರೆಂದು ತಮಗೆ ಈಗ ತಿಳಿದಿರಬಹುದು.