ಹೊಲಿಗೆ ಮೆಷಿನ್ನಿಗೆ ಒಂದು ಓಟು ಕಡಿಮೆ

ಅಮೆರಿಕದ ಅಧ್ಯಕ್ಷರ ಚುನಾವಣೆಯಿಂದ ದುಬೈಯ ಮಿರ್ದಿಫಿನ ಆ ಮನೆಗೆ ಆದ ಮೊದಲ ನಷ್ಟವೆಂದರೆ ಒಂದು ಪಾತ್ರೆ ಸಾರು. ಸಾರನ್ನು ಒಲೆಯ ಮೇಲಿಟ್ಟು, ಸ್ವಲ್ಪ ನೋಡಿಕೊಳ್ಳಿ ಎಂದು ಮಗನಿಗೂ ಸೊಸೆಗೂ ಒಟ್ಟಿಗೇ ಹೇಳಿ (ಅಲ್ಲೇ ತಪ್ಪಾದದ್ದು, ಒಬ್ಬರಿಗೇ ಹೇಳಬೇಕಿತ್ತು) ಅಗಾತಾ ಬಾಯಿ ಜಪಸರ ಹಿಡಿದು ಕೋಣೆಗೆ ಹೋಗಿದ್ದರು. ಜಪಸರ ಮುಗಿಯುವ ಮೊದಲೇ ಸೀದ ವಾಸನೆ ಬಂತು. ಹೊರಗೆ ಬಂದು ನೋಡಿದರೆ ಮಗ ಕ್ಲಾರೆನ್ಸ್ ಸೋಫಾದ ಈ ಕೊನೆಯಲ್ಲಿ, ಸೊಸೆ ಸ್ವೀಡಲ್ ಆ ಕೊನೆಯಲ್ಲಿ. ಟಿ.ವಿ.ಯಲ್ಲಿ ಕೆಂಪು ಟೈಯ ಗಂಡಸೊಬ್ಬನೂ ಕೋಟು ತೊಟ್ಟ ಹೆಂಗಸೊಬ್ಬಳೂ ಮಾತಿಗೆ ಮಾತು ಕೊಡುತ್ತಿದ್ದರು. ಅಡುಗೆಮನೆಯ ಹೊಗೆ ಸೋಫಾದವರೆಗೆ ಬಂದರೂ ಇಬ್ಬರಿಗೂ ತಮ್ಮ ಮೂಗಿನ ನೆನಪಿರಲಿಲ್ಲ.

ಕ್ಲಾರೆನ್ಸ್ ಆನೆಯ ಪಕ್ಷ, ಸ್ವೀಡಲ್ ಕತ್ತೆಯ ಪಕ್ಷ. ಅಮೆರಿಕದಲ್ಲಿ ದೊಡ್ಡ ಗುರುತುಗಳು ಇವೆರಡೇ ಎಂದು ಮೊಮ್ಮಗಳು ತೃಷಾ ಅಜ್ಜಿಗೆ ತಿಳಿಸಿಕೊಟ್ಟಿದ್ದಳು. ಕತ್ತೆಯನ್ನು ಗುರುತಾಗಿ ಒಪ್ಪಿಕೊಳ್ಳುವ ಜನ ಭೂಮಿಯ ಮೇಲೆ ಇದ್ದಾರೆಂದು ಅಗಾತಾ ಬಾಯಿಗೆ ಎಪ್ಪತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಇನ್ನು ಮಗ ಸೊಸೆಯರ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಅವರಿಗೆ ಓಟಿಲ್ಲ. ದುಬೈಯಲ್ಲಿ ಓಟಿಲ್ಲ. ಊರಿನ ಪಟ್ಟಿಯಲ್ಲಿ ಹೆಸರಿದ್ದರೂ ಓಟಿನ ದಿನಕ್ಕೆ ಒಮ್ಮೆಯೂ ರಜೆ ಸಿಕ್ಕಿದ್ದಿಲ್ಲ. ಹೀಗೆ ಮೂರು ದೇಶಗಳಲ್ಲಿ ಓಟು ಹಾಕದ ಈ ಇಬ್ಬರು ಮಹಾ ಮತದಾರರು, ಯಾವುದೋ ಊರಿನ ಗದ್ದುಗೆಗಾಗಿ ಒಂದೇ ಮನೆಯಲ್ಲಿ ಎರಡು ಟೀ ಪಾತ್ರೆ ಇಟ್ಟುಕೊಳ್ಳುವ ಮಟ್ಟಕ್ಕೆ ಬಂದಿದ್ದರು.

ಪಕ್ಕದ ಮನೆಯ ಅಬ್ಬಾಸ್ ಮತ್ತು ಜಮೀಲ ಉಪ್ಪಿನಂಗಡಿ ಕಡೆಯವರು. ಅಬ್ಬಾಸರಿಗೆ ನೈಫ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಆನೆ ಬಂದರೆ ವ್ಯಾಪಾರ ಏಳುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅವರು ಆನೆ ಹತ್ತಿದರು. ಹೆಂಗಸು ನಿಂತಿದ್ದಾಳೆ ಎಂದು ಕೇಳಿದ್ದೇ ಜಮೀಲ ಕತ್ತೆಯ ಕಡೆಗಾದರು. ಉಳಿದವರು ಅಗಾತಾ ಬಾಯಿ ಒಬ್ಬರೇ.

ಅಗಾತಾ ಬಾಯಿಗೆ ಈ ಪ್ರಚಾರವೇ ಹಿಡಿಸಲಿಲ್ಲ. ಜೀಪಿಲ್ಲ, ಜೀಪಿನ ನೆತ್ತಿಯಲ್ಲಿ ಮೈಕಿಲ್ಲ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ಹೆಸರಿಲ್ಲ. ಅಭ್ಯರ್ಥಿಗಳು ತಾವೇ ಎದುರೆದುರು ನಿಂತು ಬಯ್ದುಕೊಳ್ಳುತ್ತಾರೆ. ಅವರ ಊರಿನಲ್ಲಿ ಆ ಕೆಲಸಕ್ಕೆ ಬೇರೆಯೇ ಜನ ಇರುತ್ತಿದ್ದರು, ಅಭ್ಯರ್ಥಿ ಕೈ ಮುಗಿದುಕೊಂಡು ನಗುತ್ತಾ ನಿಂತರೆ ಸಾಕಿತ್ತು. ಚುನಾವಣೆಯೆಂದರೆ ಅವರಿಗೆ ಎಂಬತ್ತೇಳನೆಯ ಇಸವಿಯದ್ದು, ಕಿನ್ನಿಗೋಳಿಯಿಂದ ಆಚೆ ಅವರ ಊರಿನ ಮಂಡಲ ಪಂಚಾಯಿತಿಯದ್ದು. ಆ ಸಲ ಅವರ ಗಂಡ ರೇಮಂಡ್ ಓಟಿಗೆ ನಿಂತಿದ್ದರು. ಗುರುತು, ಹೊಲಿಗೆ ಮೆಷಿನ್ನು.

ಬೇರೆಯವರಾದರೆ ಗುರುತಿನ ಚಿತ್ರ ಅಚ್ಚು ಹಾಕಿಸಿ ಹಂಚುತ್ತಿದ್ದರು. ರೇಮಂಡರ ತಲೆ ಹಾಗಲ್ಲ. ಮನೆಯಲ್ಲೇ ಸಾಕ್ಷಾತ್ ಹೊಲಿಗೆ ಮೆಷಿನ್ನು ಇರುವಾಗ ಚಿತ್ರವೇಕೆ ಎಂದು ಅಗಾತಾ ಬಾಯಿಯ ಮೆಷಿನ್ನನ್ನೇ ಎತ್ತಿಸಿ, ಬಾಡಿಗೆ ಜೀಪಿನ ಹಿಂದೆ ನಿಲ್ಲಿಸಿ, ಹೂವಿನ ಹಾರ ಹಾಕಿ ಊರು ಸುತ್ತಿಸಿದರು. ಹದಿನೈದು ದಿನ ಮೆಷಿನ್ನು ಮನೆಗೆ ಬರಲಿಲ್ಲ. ಊರಿನ ಅರ್ಧ ಹೆಂಗಸರ ರವಿಕೆಗಳು ತೋಳಿಲ್ಲದೆ ಅಗಾತಾ ಬಾಯಿಯ ಮಂಚದ ಮೇಲೆ ರಾಶಿ ಬಿದ್ದಿದ್ದವು. ನೆರೆಮನೆಯ ರೋಸಿಯ ಮದುವೆಗೆ ಎಂಟು ದಿನವಿತ್ತು. ರೋಸಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಗೆದ್ದರೆ ಇನ್ನು ಐದು ವರ್ಷ ಮೆರವಣಿಗೆಯೇ ಎಂದು ರೇಮಂಡ್ ಮೀಸೆ ತಿರುವಿದಾಗ ಅಗಾತಾ ಬಾಯಿ ಮಂಚದ ಮೇಲಿನ ರವಿಕೆಗಳ ರಾಶಿಯತ್ತ ನೋಡಿದರು.

ಓಟಿನ ದಿನ, ಶಾಲೆಯ ಮೂಲೆಯಲ್ಲಿ ಗೋಣಿ ಕಟ್ಟಿದ ಮರೆಯ ಹಿಂದೆ, ಅವರು ಒಂದು ಕ್ಷಣ ಹೊಲಿಗೆ ಮೆಷಿನ್ನಿನ ಚಿತ್ರ ನೋಡಿದರು. ಒಂದು ಕ್ಷಣ ರೋಸಿಯ ಮುಖ ನೆನೆದರು. ಆಮೇಲೆ ಮುದ್ರೆಯನ್ನು ಎದುರಾಳಿಯ ಕೊಡೆಯ ಮೇಲೆ ಒತ್ತಿ ಬಂದರು.

ಅಕ್ಕಿ ಮಿಲ್ಲಿನ ಆನ್ಸೆಲ್ಮರ ಕೊಡೆಗೆ ಇನ್ನೂರ ಎಂಟು ಓಟು, ರೇಮಂಡರ ಹೊಲಿಗೆ ಮೆಷಿನ್ನಿಗೆ ಇನ್ನೂರ ಏಳು.

ಮೆಷಿನ್ನು ಮನೆಗೆ ಬಂತು. ರೋಸಿಯ ಮದುವೆಯೂ ಚೆನ್ನಾಗಿ ಆಯಿತು. ಆದರೆ ಸೋತು ಬಂದ ಸಂಜೆ ಜಗಲಿಯಲ್ಲಿ ಕುಳಿತು ರೇಮಂಡ್ ನಿಟ್ಟುಸಿರು ಬಿಟ್ಟು ಹೇಳಿದ ಮಾತು ಅಗಾತಾ ಬಾಯಿಗೆ ಮುಳ್ಳಾಗಿ ಉಳಿಯಿತು. "ಊರಿನವರ ಓಟು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ ಅಗಾತಾ. ನಿನ್ನ ಓಟಾದ್ರೂ ನನ್ನದು." ಆಮೇಲೆ ಮೂವತ್ತೊಂದು ವರ್ಷ, ಸಾಯುವವರೆಗೂ, ತಿಂಗಳಿಗೆ ಒಂದೆರಡು ಸಲವಾದರೂ ಅವರಿಗೆ ಆ ಸೋಲು ನೆನಪಾಗುತ್ತಿತ್ತು. ನೆನಪಾದಾಗಲೆಲ್ಲ ಅದೇ ನಿಟ್ಟುಸಿರು, ಅದೇ ಮಾತು. ಕೇಳಿದ ಮೇಲೆ ಅಗಾತಾ ಬಾಯಿಗೆ ಸುಮ್ಮನೆ ಕುಳಿತಿರಲು ಆಗುತ್ತಿರಲಿಲ್ಲ. ಎದ್ದು ಹೋಗಿ ಸಣ್ಣ ಎಂಬ ಹಬ್ಬದ ಇಡ್ಲಿಗೆ ಅಕ್ಕಿ ನೆನೆಸುವರು, ಹಂದಿ ಮಾಂಸ ತರಿಸಿ ಬಾಫಾತಿಗೆ ಮಸಾಲೆ ಅರೆಯುವರು. ರೇಮಂಡ್ ಮುಖ ಇಳಿಬಿಟ್ಟುಕೊಂಡೇ ಎರಡು ಸಲ ಬಡಿಸಿಕೊಂಡು ತಿನ್ನುವರು. ಪಾಪ, ದುಃಖದಲ್ಲಿರುವ ಮನುಷ್ಯ.

ಈ ಗುಟ್ಟನ್ನು ಅಗಾತಾ ಬಾಯಿ ಪಾದ್ರಿಗಳ ಎದುರು ಪಾಪ ನಿವೇದನೆಯಲ್ಲಿ ಕೂಡ ಹೇಳಿರಲಿಲ್ಲ. (ಆ ಪಾದ್ರಿ ಆನ್ಸೆಲ್ಮರ ಸೋದರಳಿಯ.)

ಸಾರು ಸೀದ ಮರುದಿನ ತೃಷಾ ಶಾಲೆಯಿಂದ ಬಂದು ಅಮೆರಿಕದ ನಕ್ಷೆ ತೋರಿಸಿದಳು. ಅಲ್ಲಿ ಏಳು ರಾಜ್ಯಗಳಿವೆಯಂತೆ, ಯಾರ ಕಡೆ ಎಂದು ಇನ್ನೂ ಬಾಯಿ ಬಿಟ್ಟಿಲ್ಲವಂತೆ. ಹಾಗಾಗಿ ಅಭ್ಯರ್ಥಿಗಳು ಬೆಳಗಾದರೆ ಆ ಏಳು ರಾಜ್ಯಗಳಿಗೇ ಓಡುತ್ತಾರಂತೆ. ಮನಸ್ಸು ಮೊದಲೇ ಹೇಳಿಬಿಟ್ಟ ರಾಜ್ಯಗಳ ಕಡೆಗೆ ಯಾರೂ ತಿರುಗಿಯೂ ನೋಡುವುದಿಲ್ಲವಂತೆ.

ಅಗಾತಾ ಬಾಯಿ ಆ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಮೂರು ವರ್ಷದಿಂದ ತಾವು ಈ ಮನೆಯಲ್ಲಿ ಮನಸ್ಸು ಹೇಳಿಬಿಟ್ಟ ರಾಜ್ಯವಾಗಿಯೇ ಇದ್ದೇವಲ್ಲ ಎಂದು ಅವರಿಗೆ ಹೊಳೆಯಿತು. ಏನು ಕೇಳಿದರೂ 'ನಿಮಗೆ ಸರಿ ಕಂಡ ಹಾಗೆ ಮಾಡಿ' ಎನ್ನುವ ಅತ್ತೆ. ಅದಕ್ಕೇ ಯಾರೂ ಪಕ್ಕದಲ್ಲಿ ಬಂದು ಕೂರುವುದಿಲ್ಲ.

ಮನೆಯಲ್ಲೇ ಒಂದು ಓಟು ಮಾಡೋಣ ಎಂದು ತೃಷಾ ಹೇಳಿದಾಗ ಎಲ್ಲರೂ ಒಪ್ಪಿದರು. ಐವರು ಮತದಾರರು. ಹನ್ನೊಂದು ವರ್ಷದ ತೃಷಾ ಚುನಾವಣಾಧಿಕಾರಿ, ಆದ್ದರಿಂದ ಅವಳಿಗೆ ಓಟಿಲ್ಲ. ಅಮೆರಿಕದ ಓಟಿಗೆ ಎರಡು ದಿನ ಮೊದಲು, ಭಾನುವಾರ ಮಧ್ಯಾಹ್ನ ಮತದಾನ. ಸೋತ ಪಕ್ಷದವರು ಒಂದು ತಿಂಗಳು ಅಮೆರಿಕದ ಸುದ್ದಿ ಎತ್ತಕೂಡದು. ಆನೆಗೆ ಎರಡು, ಕತ್ತೆಗೆ ಎರಡು ಗಟ್ಟಿಯೆಂದು ಎಲ್ಲರಿಗೂ ಗೊತ್ತು. ನಾಲ್ವರೂ ಒಮ್ಮೆಲೇ ಅಗಾತಾ ಬಾಯಿಯ ಕಡೆ ತಿರುಗಿದರು.

"ನೋಡುವ," ಎಂದರು ಅಗಾತಾ ಬಾಯಿ.

ಆ ಒಂದು ಮಾತಿಗೆ ಮೂರು ವಾರ ಸುಗ್ಗಿ. ಕ್ಲಾರೆನ್ಸ್ ಆಫೀಸಿನಿಂದ ಬರುವಾಗ ದೇರಾದ ಮೀನು ಮಾರುಕಟ್ಟೆಯ ಕಡೆಗೆ ಸುತ್ತಿ ಹೋಗಿ ಬಂಗುಡೆ ತಂದ. ಎ.ಸಿ. ಮನೆಯಲ್ಲಿ ವಾಸನೆ ನಿಲ್ಲುತ್ತದೆಂದು ಮೀನು ಹುರಿಯುವುದನ್ನೇ ನಿಷೇಧಿಸಿದ್ದ ಸ್ವೀಡಲ್, ಆನೆಯ ಬಂಗುಡೆಗೆ ಉತ್ತರವಾಗಿ ಆ ನಿಷೇಧವನ್ನೇ ತೆಗೆದುಹಾಕಿ, ಮೇಲೆ ದಿನವೂ ಅತ್ತೆಯ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಲು ಕುಳಿತಳು. ಅಬ್ಬಾಸರು ಅಂಗಡಿಯಿಂದ ಹತ್ತಿಯ ಮೆತ್ತನೆ ಬಟ್ಟೆ ಕಳಿಸಿದರು. ಜಮೀಲ ಗೋಳಿಬಜೆ ಹೊತ್ತು ಬಂದರು. ಎಲ್ಲಕ್ಕಿಂತ ಹೆಚ್ಚಿನದು ಇನ್ನೊಂದು. ಎಂಬತ್ತೇಳನೆಯ ಇಸವಿಯ ಜೀಪಿನ ಕಥೆಯನ್ನು (ಗೋಣಿ ಮರೆಯ ಭಾಗ ಬಿಟ್ಟು) ಅವರು ಶುರು ಮಾಡಿದರೆ ಈಗ ಯಾರೂ ಮೊಬೈಲು ನೋಡುತ್ತಿರಲಿಲ್ಲ.

ಒಂದು ದಿನ ಬಂಗುಡೆಯ ಮುಳ್ಳು ಬಿಡಿಸಿಕೊಡುತ್ತಾ ಕ್ಲಾರೆನ್ಸ್ ಓಟು ಯಾರಿಗೆಂದು ಮೆಲ್ಲಗೆ ಕೇಳಿದ. ನಿನಗಲ್ಲದೆ ಇನ್ಯಾರಿಗೆ ಮಗಾ ಎಂದರು. ಅದೇ ಸಂಜೆ ಎಣ್ಣೆ ತಿಕ್ಕುತ್ತಾ ಸ್ವೀಡಲ್ ಕೇಳಿದಳು. ನಿನಗಲ್ಲದೆ ಇನ್ಯಾರಿಗೆ ಮಗಳೇ ಎಂದರು.

ಜಮೀಲರಿಗೆ ಮಾತ್ರ ಸಂಶಯ. "ಬಾಯಮ್ಮ, ನಿಜ ಹೇಳಿ, ನೀವು ಯಾರಿಗೆ?" ಎಂದರು.

"ನನ್ನ ಮನಸ್ಸು ನನಗೇ ಗೊತ್ತಿಲ್ಲ ಮಾರಾಯ್ತಿ. ನಿಮ್ಮ ಗೋಳಿಬಜೆ ನಾಳೆಯೂ ಉಂಟಾ?"

ಭಾನುವಾರ ಬಂತು. ಇಸ್ತ್ರಿ ಮೇಜಿಗೆ ಬೆಡ್‌ಶೀಟು ಇಳಿಬಿಟ್ಟು ಮರೆ ಮಾಡಿದರು. ಖರ್ಜೂರದ ಡಬ್ಬವೇ ಮತಪೆಟ್ಟಿಗೆ. ತೃಷಾ ಎಲ್ಲರ ಎಡಗೈ ಬೆರಳಿಗೆ ಸ್ಕೆಚ್ ಪೆನ್ನಿನ ಶಾಯಿ ಹಚ್ಚಿ, ಆನೆ ಕತ್ತೆಗಳನ್ನು ಬರೆದ ಚೀಟಿ ಕೊಟ್ಟಳು. ಮರೆಯ ಹಿಂದೆ ನಿಂತಾಗ ಅಗಾತಾ ಬಾಯಿಗೆ ಹಳೆಯ ಗೋಣಿಯ ವಾಸನೆಯೇ ಬಂದ ಹಾಗಾಯಿತು. ಈ ಸಲ ಯಾರಿಗೂ ಮೋಸವಿಲ್ಲ ಎಂದು ತೀರ್ಮಾನಿಸಿ ಎರಡು ಪ್ರಾಣಿಗಳಿಗೂ ಒಂದೊಂದು ಗೀಟು ಹಾಕಿದರು. ಓಟು ಹಾಳು, ಆಟ ಸಮ. ಮರು ಮತದಾನವೆಂದರೆ ಇನ್ನೂ ಮೂರು ವಾರ ಬಂಗುಡೆ. ತಮ್ಮ ಬುದ್ಧಿಗೆ ತಾವೇ ಮೆಚ್ಚಿ ಹೊರಗೆ ಬಂದರು.

ತೃಷಾ ಎಣಿಸಿದಳು. ಆನೆಗೆ ಎರಡು. ಕತ್ತೆಗೆ ಎರಡು. ಒಂದು ಚೀಟಿ ಎತ್ತಿ ಹಿಡಿದು, "ದಿಸ್ ವನ್ ಈಸ್ ಸ್ಪಾಯಿಲ್ಡ್," ಎಂದಳು.

"ಕುಲಗೆಟ್ಟ ಓಟು ಅಂತಾರೆ ಅದಕ್ಕೆ," ಎಂದು ಅಗಾತಾ ಬಾಯಿ ತಮ್ಮ ಅನುಭವ ಹಂಚಿಕೊಂಡರು. "ಪಾಪ, ಯಾರಿಗೋ ಗೊತ್ತಾಗ್ಲಿಲ್ಲ. ಇನ್ನೊಮ್ಮೆ ಮಾಡುವ."

ಅಗಾತಾ ಬಾಯಿ ಲೆಕ್ಕ ಹಾಕದೇ ಇದ್ದ ಸಂಗತಿಯೊಂದಿತ್ತು. ಇಬ್ಬರಿಗೂ ಮಾತು ಕೊಟ್ಟಿದ್ದರಿಂದ ಇಬ್ಬರೂ ಅವರನ್ನು ಬಿಟ್ಟು ಬೇರೆಯವರನ್ನೇ ಅನುಮಾನಿಸಿದರು. ಕ್ಲಾರೆನ್ಸ್, "ಅಬ್ಬಾಸಾಕ, ನೀವು ಸರಿಯಾಗಿಯೇ ಹಾಕಿದ್ದಲ್ವಾ?" ಎಂದ. ಸ್ವೀಡಲ್, "ಜಮೀಲಕ್ಕ, ಕನ್ನಡಕ ತಂದಿದ್ರಾ?" ಎಂದಳು. ಅಬ್ಬಾಸರ ಮುಖ ಸಣ್ಣದಾಯಿತು. ಮೂವತ್ತು ವರ್ಷ ನೈಫಿನಲ್ಲಿ ಅಂಗಡಿ ಇಟ್ಟವನಿಗೆ ಆನೆ ಯಾವುದು ಕತ್ತೆ ಯಾವುದು ಗೊತ್ತಾಗುವುದಿಲ್ಲವಾ ಎಂದು ಗೊಣಗಿ, ಖಲಾಸ್, ನಡಿ ಜಮೀಲಾ ಎಂದು ಎದ್ದರು. ಜಮೀಲ ಖಾಲಿ ಗೋಳಿಬಜೆಯ ಡಬ್ಬ ಎತ್ತಿಕೊಂಡರು. ಮಿರ್ದಿಫಿನಲ್ಲಿ ಅಗಾತಾ ಬಾಯಿಗೆ ತುಳು ಮಾತಾಡಲು ಇದ್ದ ಒಂದೇ ಜೀವ ಚಪ್ಪಲಿ ಹುಡುಕುತ್ತಿತ್ತು.

ಆಗ ಕ್ಲಾರೆನ್ಸ್ ಸೋಫಾಕ್ಕೆ ಒರಗಿ ಒಂದು ನಿಟ್ಟುಸಿರು ಬಿಟ್ಟ. "ಬೇರೆಯವರದ್ದು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ ಮಾಂಯ್. ನಿನ್ನ ಓಟಾದ್ರೂ ನನ್ನದು."

ಅದೇ ನಿಟ್ಟುಸಿರು. ಅದೇ ಸ್ವರ. ಗೋಡೆಯ ಮೇಲೆ ಕೆಂಪು ಬಲ್ಬಿನ ಕೆಳಗೆ ಫೋಟೋದ ರೇಮಂಡ್ ಮೀಸೆಯೊಳಗೇ ನಗುತ್ತಿದ್ದರು. ಅಗಾತಾ ಬಾಯಿ ಬಾಗಿಲಿನ ಕಡೆ ತಿರುಗಿದರು.

"ಚಪ್ಪಲಿ ಬಿಡಿ ಜಮೀಲಾ. ಆ ಓಟು ನನ್ನದು. ಇವರಿಬ್ಬರಿಗೂ ಕೊಡ್ತೇನೆ ಅಂದು ಯಾರಿಗೂ ಕೊಡ್ಲಿಲ್ಲ." ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ, ಅದರ ಹಿಂದೆಯೇ ಎಂಬತ್ತೇಳನೆಯ ಇಸವಿಯ ಗೋಣಿ ಮರೆ, ರೋಸಿಯ ಅಳು, ಆನ್ಸೆಲ್ಮರ ಕೊಡೆ ಎಲ್ಲವೂ ಹೊರಗೆ ಬಂದವು. "ಒಂದೇ ಓಟಲ್ವಾ ಮಗಾ, ಒಂದೇ ಓಟು. ನಿನ್ನ ಪಪ್ಪನನ್ನು ನಾನೇ ಸೋಲಿಸಿದ್ದು. ಅವರಿಗೆ ಗೊತ್ತಾಗದೆಯೇ ಹೋದ್ರು." ಸೆರಗಿನಿಂದ ಕಣ್ಣು ಒರೆಸಿಕೊಂಡರು.

 ಕ್ಲಾರೆನ್ಸ್ ಸೋಫಾದಿಂದ ಎದ್ದು ಅಮ್ಮನ ಪಕ್ಕಕ್ಕೆ ಬಂದ.

"ಪಪ್ಪನಿಗೆ ಗೊತ್ತಿತ್ತು," ಎಂದ ಕ್ಲಾರೆನ್ಸ್.

"ಎಂತ ಗೊತ್ತಿತ್ತು?"

"ಎಲ್ಲ. ಎಷ್ಟು ಓಟಿಗೆ ಸೋತದ್ದು ಅಂತ ಊರಿಗೆ ಊರೇ ಬಂದು ಕೇಳಿತಂತೆ, ನೀನೊಬ್ಬಳು ಕೇಳ್ಲಿಲ್ಲಂತೆ. ಹದಿನೈದು ದಿನ ಬಯ್ದವಳು ಸೋತ ಮರುದಿನ ಸಣ್ಣ, ಬಾಫಾತ್ ಮಾಡಿ ಬಡಿಸಿದಿಯಂತೆ. ಆನ್ಸೆಲ್ಮಂಕಲ್ ಗೆದ್ದರೂ ಅವರ ಮನೆಯಲ್ಲಿ ಗಂಜಿಯೇ ಅಂತೆ. ನಾನು ಮೊದಲ ಸಲ ದುಬೈಗೆ ಹೊರಟಾಗ ಬಜ್ಪೆ ಏರ್‌ಪೋರ್ಟಿನಲ್ಲಿ ಹೇಳಿದ್ರು."

"ಗೊತ್ತಿದ್ದೂ ಮೂವತ್ತೊಂದು ವರ್ಷ ಹಾಗೆ ನಿಟ್ಟುಸಿರು ಬಿಟ್ರಾ?"

"ಓಟು ಹೋದದ್ದು ಹೋಯ್ತು, ಬಾಫಾತಾದ್ರೂ ಸಿಗ್ಲಿ ಅಂದ್ರು." ಕ್ಲಾರೆನ್ಸ್ ಈಗ ನಗು ತಡೆಯಲಾರದೆ ಹೋದ. "ಒಂದೇ ನಿಟ್ಟುಸಿರು ಸಾಕು, ಮರುದಿನ ಸಣ್ಣ ಗ್ಯಾರಂಟಿ ಅಂತ. ನಾನೂ ಇವತ್ತು ನೋಡಿದೆ. ಇನ್ನೂ ಕೆಲಸ ಮಾಡ್ತದೆ."

ಮೊದಲು ನಕ್ಕವರು ಜಮೀಲ. ಆಮೇಲೆ ಎಲ್ಲರೂ. ಅಗಾತಾ ಬಾಯಿ ಮಾತ್ರ ಗಂಡನ ಫೋಟೋವನ್ನೇ ನೋಡುತ್ತಿದ್ದರು. ಎಷ್ಟು ಕಲ್ಲು ಮಸಾಲೆ ಅರೆದಿದ್ದಾರೆ ಅವರು. ಜ್ವರ ಬಂದಾಗಲೂ ಅರೆದಿದ್ದಾರೆ. ಆ ಮನುಷ್ಯ ಮಾತ್ರ ಬಟ್ಟಲು ಮುಂದೆ ಚಾಚಿ ದುಃಖದ ಮುಖ ಮಾಡಿಕೊಂಡು, ಸ್ವಲ್ಪ ಕೊಬ್ಬು ಇರುವ ತುಂಡು ಹಾಕು ಎಂದು ಕೇಳುತ್ತಿದ್ದರು. ಈಗ ಆ ಮುಖ ಇನ್ನೊಮ್ಮೆ ಕಂಡರೆ ಎಂದು ಯೋಚಿಸಿ, ಬಯ್ಯಬೇಕೋ ಬಡಿಸಬೇಕೋ ಅವರಿಗೆ ತಿಳಿಯಲಿಲ್ಲ.

ಚುನಾವಣಾಧಿಕಾರಿ ತೀರ್ಪು ಕೊಟ್ಟಳು. ಎರಡೂ ಕಡೆಯಿಂದ ಬಂಗುಡೆ, ಎಣ್ಣೆ, ಬಟ್ಟೆ, ಗೋಳಿಬಜೆ ಪಡೆದು ಓಟು ಹಾಳು ಮಾಡಿದ ಮತದಾರರು ಮುಂದಿನ ಶುಕ್ರವಾರ ಎರಡೂ ಪಕ್ಷಗಳಿಗೆ ಸಣ್ಣ ಮತ್ತು ಬಾಫಾತ್ ಬಡಿಸಬೇಕು. ಅಬ್ಬಾಸಾಕನವರಿಗಾಗಿ ಬಾಫಾತ್ ಕೋಳಿಯದ್ದು. ಯಾರೂ ಗೆಲ್ಲದ್ದರಿಂದ ಒಂದು ತಿಂಗಳು ಇಬ್ಬರೂ ಬಾಯಿ ಮುಚ್ಚಬೇಕು.

ಬುಧವಾರ ಅಮೆರಿಕದಲ್ಲಿ ಯಾರೋ ಒಬ್ಬರು ಗೆದ್ದರು. ತೀರ್ಪಿಗೆ ಹೆದರಿ ಮಿರ್ದಿಫಿನ ಆ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಶುಕ್ರವಾರದ ಊಟವಾಗಿ ಒಂದು ವಾರ ಕಳೆದಿತ್ತು. ಅಗಾತಾ ಬಾಯಿ ಫೋಟೋ ಒರೆಸುತ್ತಾ, ಇನ್ನು ನಿಮ್ಮ ವಂಶದ ಯಾರ ನಿಟ್ಟುಸಿರಿಗೂ ಈ ಅಗಾತಾ ಬಗ್ಗುವವಳಲ್ಲ ಎಂದು ಗಂಡನಿಗೆ ಖಡಾಖಂಡಿತವಾಗಿ ತಿಳಿಸುತ್ತಿದ್ದರು. ಹಿಂದೆ ಸೋಫಾದಲ್ಲಿ ತೃಷಾ ಶಾಲೆಯ ಚೀಲ ಕೆಳಗಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಉದ್ದಕ್ಕೆ ಉಸಿರು ಬಿಟ್ಟಳು.

"ಗ್ರ್ಯಾನಿ, ನಿಮ್ಮ ಓಟಾದ್ರೂ ನನ್ನದು."

"ನೀನು ನಿಂತೇ ಇರ್ಲಿಲ್ಲವಲ್ಲ, ಕಳ್ಳಿ," ಎಂದರು ಅಗಾತಾ ಬಾಯಿ. ಅಷ್ಟು ಹೇಳುವಾಗ ಅವರು ಅಡುಗೆಮನೆಯಲ್ಲಿದ್ದರು, ಕೈ ಆಗಲೇ ಅಕ್ಕಿಯ ಡಬ್ಬದೊಳಗಿತ್ತು.