ಹಾಜರಾತಿಗೆ ಬಂದ ಟಿವಿಗಳು

ಸಹಕಾರ ತತ್ವದಲ್ಲಿ ನನಗಿರುವಷ್ಟು ನಂಬಿಕೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಇರಲಾರದು. ಬೆಟ್ಟದಪುರಕ್ಕೆ ಕೂಗಳತೆಯಲ್ಲಿರುವ ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಹದಿನಾರು ವರ್ಷದಿಂದ ನಾನೇ ಕಾರ್ಯದರ್ಶಿ. ಒಬ್ಬೊಬ್ಬರೇ ಹೊತ್ತರೆ ಭಾರ, ಎಲ್ಲರೂ ಕೈ ಹಾಕಿದರೆ ಹಗುರ ಎಂದು ಪ್ರತಿ ವಾರ್ಷಿಕ ಸಭೆಯಲ್ಲೂ ಭಾಷಣ ಮಾಡುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ಮಾತನ್ನು ಹಾಲಿಗೆ ಮಾತ್ರ ಬಿಟ್ಟಿದ್ದರೆ ನನ್ನ ಮರ್ಯಾದೆ ಇವತ್ತಿಗೂ ನೆಟ್ಟಗಿರುತ್ತಿತ್ತು.

ಆದದ್ದು ಹೀಗೆ. ಮೊದಲು ನಮ್ಮ ಮನೆಯಲ್ಲಿ ಕೇಬಲ್ ಇತ್ತು. ಒಂದು ತಂತಿ, ಒಂದು ದುಡ್ಡು, ಬಂದದ್ದನ್ನು ನೋಡಿಕೊಂಡು ಮಲಗುತ್ತಿದ್ದೆವು. ಆಮೇಲೆ ಆ್ಯಪುಗಳು ಬಂದವು. ನನ್ನ ಹೆಂಡತಿ ಭಾಗ್ಯ ನೋಡುವ ಧಾರಾವಾಹಿ ಒಂದರಲ್ಲಿ, ನಾನು ನೋಡುವ ಕ್ರಿಕೆಟ್ಟು ಇನ್ನೊಂದರಲ್ಲಿ, ಹೊಸ ಸಿನಿಮಾಗಳು ಮತ್ತೊಂದರಲ್ಲಿ. ಒಂದಕ್ಕೆ ಚಂದಾ ಕಟ್ಟಿ ಕಾಲು ನೀಡಿ ಕೂರುವಷ್ಟರಲ್ಲಿ ಕ್ರಿಕೆಟ್ಟು ಅಲ್ಲಿಂದ ಗುಳೆ ಎದ್ದು ಪಕ್ಕದ ಆ್ಯಪಿಗೆ ಹೋಗಿರುತ್ತಿತ್ತು. ಹೀಗೆ ಅಟ್ಟಿಸಿಕೊಂಡು ಹೋಗಿ ಸುಸ್ತಾಗಿದ್ದಾಗ ಒಂದು ದೊಡ್ಡ ಕಂಪನಿಯ ದೊಡ್ಡ ಪ್ಲಾನು ಕಣ್ಣಿಗೆ ಬಿತ್ತು. ಎಲ್ಲವೂ ಒಂದೇ ಕಡೆ. ಬೆಲೆ ಜಾಸ್ತಿ, ಆದರೆ ಏಕಕಾಲಕ್ಕೆ ನಾಲ್ಕು ಟಿವಿಯಲ್ಲಿ ನೋಡಬಹುದು.

ನಾಲ್ಕು ಎಂಬ ಸಂಖ್ಯೆ ಕಂಡ ಕೂಡಲೇ ನನ್ನೊಳಗಿನ ಸಹಕಾರಿ ಎದ್ದು ನಿಂತ. ನಮ್ಮದೊಂದು ಮನೆ. ಹುಣಸೂರಿನಲ್ಲಿ ಟೈರು ಅಂಗಡಿ ಇಟ್ಟಿರುವ ಭಾಗ್ಯಳ ತಮ್ಮ ಮಹೇಶನದು ಎರಡು. ಕೆ.ಆರ್. ನಗರದಲ್ಲಿರುವ ನನ್ನ ಸ್ವಂತ ಅಕ್ಕ ಜಯಕ್ಕನದು ಮೂರು. ಎಚ್.ಡಿ. ಕೋಟೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನನ್ನ ಷಡ್ಕ, ಅಂದರೆ ಭಾಗ್ಯಳ ಅಕ್ಕನ ಗಂಡ, ನಂಜುಂಡಸ್ವಾಮಿಯವರದು ನಾಲ್ಕು. ಚಂದಾ ನಾಲ್ಕು ಪಾಲು, ಪಾಸ್‌ವರ್ಡು ಒಂದು. ಭಾಗ್ಯಳಿಗೆ ಯೋಜನೆ ವಿವರಿಸಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಂಡು ಅಂದಳು.

"ಅದುಕ್ಕೆ ಸಹಕಾರ ಅನ್ನಕಿಲ್ಲ ಕಣ್ರೀ. ಕದ್ ನೋಡದು ಅಂತಾರೆ."

ಹೆಂಗಸರಿಗೆ ಸಂಘಟನೆಯ ಮಹತ್ವ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಅನ್ನುವ ಧೈರ್ಯವಿರಲಿಲ್ಲ. ಹೊಸ ನಂಬರಿಗೆ ಮೊದಲ ತಿಂಗಳು ರಿಯಾಯಿತಿ ಇತ್ತು, ನನ್ನ ನಂಬರಿನ ರಿಯಾಯಿತಿಯೆಲ್ಲ ಹಿಂದೆಯೇ ಮುಗಿದುಹೋಗಿತ್ತು. ಹಾಗಾಗಿ ಭಾಗ್ಯಳ ಮೊಬೈಲ್ ನಂಬರಿನಲ್ಲೇ ಖಾತೆ ತೆರೆದೆ.

ಒಂದು ವರ್ಷ ಸುಖವಾಗಿ ನಡೆಯಿತು. ಆಮೇಲೆ ಒಂದು ಸಂಜೆ ಷಡ್ಕರ ಫೋನು ಬಂತು. ಅವರು ಸಾಮಾನ್ಯವಾಗಿ ಫೋನು ಮಾಡುವವರಲ್ಲ. ಮಾಡಿದರೆ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ನಾನು ಗಾಬರಿಯಿಂದ ಎತ್ತಿದೆ. ಅವರು ಪಾಠ ಓದುವಂತೆ ಹೇಳಿದರು.

"ನಮ್ಮ ಟಿವಿ ನಿಮ್ಮ ಮನೆಗೆ ಸೇರಿದ್ದಲ್ಲ ಅಂತ ಪರದೆ ಮೇಲೆ ಬರಹದಲ್ಲೇ ಬಂದದೆ ಶಿವಣ್ಣ. ನೀವು ಬಾಯಲ್ಲೇ ಹೇಳಬಹುದಾಗಿತ್ತು."

ನಾನು ಏನಾದರೂ ಹೇಳುವ ಮೊದಲೇ ಫೋನಿಟ್ಟರು. ಇದಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ಗೃಹಪ್ರವೇಶದ ಕರೆಯೋಲೆಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರು ಷಡ್ಕರ ಹೆಸರೊಂದನ್ನು ಬಿಟ್ಟುಬಿಟ್ಟಿದ್ದರು. ಆ ಗಾಯ ಒಣಗಲು ಐದು ವರ್ಷ ಬೇಕಾಗಿತ್ತು. ಈಗ ಕಂಪನಿಯವರು ಅದೇ ಜಾಗಕ್ಕೆ ಕೈ ಹಾಕಿದ್ದರು. ಮಾರನೆಯ ದಿನ ಭಾಗ್ಯ ತನ್ನ ಅಕ್ಕನಿಗೆ ಫೋನು ಮಾಡಿದರೆ ಅವರು ಎತ್ತಲಿಲ್ಲ. ಎರಡು ದಿನ ಎತ್ತಲಿಲ್ಲ. ಮೂರನೆಯ ದಿನ ಭಾಗ್ಯ ನನಗೆ ಮುದ್ದೆ ಬಡಿಸಿದ ರೀತಿಯಲ್ಲೇ ವಿಷಯದ ಗಾಂಭೀರ್ಯ ಅರ್ಥವಾಯಿತು. ಅಷ್ಟರಲ್ಲಿ ಹುಣಸೂರು ಮತ್ತು ಕೆ.ಆರ್. ನಗರದ ಟಿವಿಗಳೂ ನಮ್ಮ ಮನೆಯವಲ್ಲ ಎಂದು ಘೋಷಿತವಾಗಿದ್ದವು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಮರ್ಯಾದಸ್ಥ ಹುಡುಗಿ. ಒಂದು ಖಾತೆ ಒಂದು ಮನೆಗೆ ಮಾತ್ರ ಎಂದಳು. ನಾವು ನಾಲ್ಕೂ ಮನೆಯವರು ಒಂದೇ ಮನೆಯವರು ಎಂದೆ. ಹಾಗಾದರೆ ಆ ಟಿವಿಗಳು ತಿಂಗಳಿಗೊಮ್ಮೆಯಾದರೂ ಮುಖ್ಯ ಮನೆಯ ವೈಫೈಗೆ ಸೇರಬೇಕು ಸರ್ ಎಂದಳು. ಅವಳು ಹೇಳಿದ್ದು ಒಂದು ನಿಯಮ. ನನಗೆ ಕೇಳಿಸಿದ್ದು ಒಂದು ದಾರಿ.

ಕೂಡಲೇ ಮೂರೂ ಮನೆಗೆ ಸಂದೇಶ ಕಳಿಸಿದೆ: "ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ತಮ್ಮ ಟಿವಿಗಳೊಂದಿಗೆ ನಮ್ಮ ಮನೆಗೆ ಹಾಜರಾಗಬೇಕಾಗಿ ವಿನಂತಿ. ಊಟದ ವ್ಯವಸ್ಥೆ ಇದೆ." ಊಟದ ವ್ಯವಸ್ಥೆ ಇರುವುದು ಭಾಗ್ಯಳಿಗೆ ಗೊತ್ತಾದದ್ದು ಮಹೇಶನ ಬಾಯಿಂದ. ಮುನಿಸಿಕೊಂಡ ಅಕ್ಕನ ಮನೆಯವರು ಬರುತ್ತಿರುವಾಗ ಬರೀ ಅನ್ನ ಸಾರು ಇಟ್ಟರೆ ಆಗುತ್ತದೆಯೇ? ಒಬ್ಬಟ್ಟೇ ಆಗಬೇಕು ಎಂದಳು. ಬೇಳೆ, ಬೆಲ್ಲ, ತುಪ್ಪ ತಂದೆ. ಆ ಅಂಗಡಿ ಚೀಟಿಯಲ್ಲಿ ನನ್ನ ಪಾಲಿನ ಒಂದು ವರ್ಷದ ಚಂದಾ ಕರಗಿಹೋಯಿತು. ಸಂಬಂಧಕ್ಕಿಂತ ದೊಡ್ಡದೇ ಬೆಲ್ಲ ಎಂದು ಸುಮ್ಮನಾದೆ.

ಭಾನುವಾರ ಮೊದಲು ಬಂದವನು ಮಹೇಶ, ತನ್ನ ಗೂಡ್ಸ್ ಆಟೊದಲ್ಲಿ. ಟಿವಿಗೆ ಪೆಟ್ಟಾಗಬಾರದೆಂದು ಸುತ್ತ ಆರು ಹಳೆಯ ಟೈರು ಜೋಡಿಸಿ ನಡುವೆ ನಿಲ್ಲಿಸಿದ್ದ. ಆಮೇಲೆ ಜಯಕ್ಕ ಬಂದಳು. ಎರಡು ಬಸ್ಸು ಬದಲಾಯಿಸಿ, ಟಿವಿಯನ್ನು ಮದುವೆಯಲ್ಲಿ ಬಂದ ಹೊದಿಕೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಹೆಂಗಸರಿಗೆ ಬಸ್ಸು ಫ್ರೀ ಆದ್ದರಿಂದ ಕಂಡಕ್ಟರು ಅವಳಿಗೆ ಸೊನ್ನೆ ಟಿಕೆಟ್ಟು ಹರಿದು, ಟಿವಿಗೆ ಪೂರ್ತಿ ಟಿಕೆಟ್ಟು ಕೊಟ್ಟಿದ್ದನಂತೆ. ಹಾಗಾದರೆ ಅದಕ್ಕೂ ಸೀಟು ಕೊಡು ಎಂದು ಹಟ ಹಿಡಿದು, ಟಿವಿಯನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಬಂದೆ ಎಂದು ಹೆಮ್ಮೆಯಿಂದ ಹೇಳಿದಳು.

ಕೊನೆಗೆ ಷಡ್ಕ ದಂಪತಿ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಟಿವಿ ಎಲ್ಲಿ ಎಂದು ನಾನು ಆತಂಕದಿಂದ ಕೇಳಿದೆ. ಅವರು ನಿಧಾನವಾಗಿ ಅಂಗಿಯ ಜೇಬಿಗೆ ಕೈ ಹಾಕಿ ಬೆರಳುದ್ದದ ಒಂದು ಕಪ್ಪು ಕಡ್ಡಿ ತೆಗೆದು ಮೇಜಿನ ಮೇಲಿಟ್ಟರು. ಆ್ಯಪೆಲ್ಲ ಇರುವುದು ಈ ಸ್ಟಿಕ್ಕಿನಲ್ಲಿ, ಟಿವಿ ಬರೀ ಗಾಜು, ಸ್ಟಿಕ್ಕು ತಂದರೆ ಸಾಕು ಎಂದರು.

ಜಯಕ್ಕ ಆ ಸ್ಟಿಕ್ಕನ್ನು ನೋಡಿದಳು. ತನ್ನ ಟಿವಿಯ ಹಿಂಭಾಗಕ್ಕೆ ಬಗ್ಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಲೇ ಶಿವು, ನನ್ ಟಿವಿ ಬೆನ್ನಲ್ಲೂ ಇಂಥದ್ದೇ ಒಂದು ಅಂಟ್ಕೊಂಡದೆ ಕಣ್ಲಾ."

ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಹೊರಗೆ ಬರುವಷ್ಟರಲ್ಲಿ ಜಗಲಿಯ ಮುಂದೆ ಹತ್ತಾರು ಜನ ನಿಂತಿದ್ದರು. ಸೆಕ್ರೆಟರಿ ಮನೆಗೆ ಆಟೊದಲ್ಲಿ ಟಿವಿ ಬಂತು, ಬಸ್ಸಿನಲ್ಲೂ ಟಿವಿ ಬಂತು ಎಂಬ ಸುದ್ದಿ ಊರಿಗೆ ಹರಡಿತ್ತು. ಅದು ಹರಡುತ್ತ ಹರಡುತ್ತ, ಈ ಸಲ ಬೋನಸ್ಸಿನ ಬದಲು ಡೈರಿಯಿಂದ ಟಿವಿ ಕೊಡುತ್ತಾರೆ ಎಂದು ಪಕ್ವವಾಗಿತ್ತು. ಕೆಲವರ ಕೈಯಲ್ಲಿ ಡೈರಿ ಪಾಸ್‌ಬುಕ್ಕು, ಕೆಲವರ ಕೈಯಲ್ಲಿ ಆಧಾರ್ ಜೆರಾಕ್ಸು. ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಅವರು ತಾವೇ ಸಾಲಾಗಿ ನಿಂತರು. ಹಾಲು ಹಾಕುವಾಗ ಎಷ್ಟು ಬೇಡಿಕೊಂಡರೂ ಸಾಲಿನಲ್ಲಿ ನಿಲ್ಲದ ಜನ! ಸಾಲಿನ ಮುಂದೆ ಚಿಕ್ಕತಾಯಮ್ಮ ಇದ್ದರು. ಒಂದೇ ಹಸು ಸಾಕಿಕೊಂಡಿರುವ ವಯಸ್ಸಾದ ಹೆಂಗಸು.

"ಎಲ್ಡು ಲೀಟ್ರು ಹಾಕೋರ್ಗೆ ಎಷ್ಟು ಇಂಚಿಂದು ಕೊಡ್ತೀರಪ್ಪ?" ಎಂದು ಮೆಲ್ಲಗೆ ಕೇಳಿದರು.

ಇದು ನೆಂಟರ ಟಿವಿ, ಹಂಚುವುದಕ್ಕಲ್ಲ ಎಂದೆ. ಯಾರೂ ನಂಬಲಿಲ್ಲ. ನೆಂಟರಿಗೆ ಮೊದಲು ಹಂಚುತ್ತಿದ್ದಾನೆ ಎಂದು ಸಾಲಿನ ಹಿಂದಿನಿಂದ ಯಾರೋ ಗೊಣಗಿದರು. ಅಷ್ಟರಲ್ಲಿ ಸಂಘದ ಅಧ್ಯಕ್ಷರೇ ಬಂದರು. ಅವರು ಕೂಗಾಡುವವರಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಅಕ್ಕಿ ಮೂಟೆಗೆ ಒರಗಿದ್ದ ಟಿವಿಯನ್ನೂ ಮಂಚದ ಮೇಲೆ ಕಂಬಳಿ ಹಾಸಿ ಮಲಗಿಸಿದ್ದ ಟಿವಿಯನ್ನೂ ಗೋಡೆಯ ಮೇಲಿದ್ದ ನಮ್ಮ ಟಿವಿಯನ್ನೂ ಒಂದೊಂದಾಗಿ ನೋಡಿದರು.

"ಸೆಕ್ರೆಟ್ರಿಗಳೇ, ಇದು ಯಾವ ಬಾಬ್ತು?"

"ಯಾವ ಬಾಬ್ತೂ ಅಲ್ಲ ಸಾರ್. ನಮ್ಮ ನೆಂಟರವು."

"ನೆಂಟ್ರು ಬಂದ್ರು, ಸರಿ. ಟಿವಿ ಯಾಕ್ ಬಂದ್ವು?"

"ಹಾಜರಾತಿಗೆ."

ಬಾಯಿಂದ ಹೊರಟ ಮೇಲೆ ಆ ಉತ್ತರ ನನಗೇ ವಿಚಿತ್ರವಾಗಿ ಕೇಳಿಸಿತು. ಮುಂದಿನ ವಾರವೇ ಸಂಘದ ಲೆಕ್ಕಪರಿಶೋಧನೆ ಇತ್ತು. ಅಧ್ಯಕ್ಷರು ಅದನ್ನು ನೆನಪಿಸಲಿಲ್ಲ, ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತರು. ಹದಿನಾರು ವರ್ಷದಲ್ಲಿ ಒಂದು ಲೋಟ ಹಾಲಿನ ಲೆಕ್ಕ ತಪ್ಪಿಸದವನು ನೆಂಟರ ಟಿವಿಯಿಂದ ಕೆಲಸ ಕಳೆದುಕೊಂಡು ಮನೆಗೆ ಹೋಗಬೇಕಾಗುತ್ತದೆಯೇ? ಒಂದೇ ದಾರಿ ಉಳಿದಿತ್ತು. ಟಿವಿಗಳನ್ನು ಹಚ್ಚಿ, ಇವು ಬಳಸಿದ ಹಳೆಯ ಟಿವಿಗಳು, ಇವುಗಳಲ್ಲಿ ಇವರಿವರು ನೋಡುತ್ತಿರುವ ಕಾರ್ಯಕ್ರಮಗಳು ಇವೆ ಎಂದು ಎಲ್ಲರೆದುರು ಸಾಬೀತು ಮಾಡುವುದು.

ಮಹೇಶ ವೈರುಗಳನ್ನು ಎಳೆದ. ಷಡ್ಕರ ಸ್ಟಿಕ್ಕನ್ನು ನಮ್ಮ ಟಿವಿಗೆ ಚುಚ್ಚಿದೆವು. ಎಲ್ಲಕ್ಕೂ ನಮ್ಮ ವೈಫೈ ಸೇರಿಸಿದೆವು. ಪಾಸ್‌ಬುಕ್ಕಿನ ಸಾಲು ಪೂರ್ತಿ ಒಳಗೆ ಬಂದು ನೆಲದ ಮೇಲೆ ಕೂತಿತು. ಕಂಪನಿಯ ಹೆಸರು ಮೂರೂ ಟಿವಿಯಲ್ಲಿ ಒಟ್ಟಿಗೆ ಮೂಡಿತು. ಷಡ್ಕರ ಕಡೆ ತಿರುಗಿ, ನೋಡಿ ಅಣ್ಣ, ನೀವು ನಮ್ಮ ಮನೆಯವರು ಹೌದೋ ಅಲ್ಲವೋ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲಿನ ಅಕ್ಷರಗಳನ್ನು ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು.

"ನಿಮ್ಮ ಪ್ಲಾನಿನಲ್ಲಿ ಟಿವಿ ನೋಡಲು ಅವಕಾಶವಿಲ್ಲ. ಮೊಬೈಲಿನಲ್ಲಿ ಮಾತ್ರ ನೋಡಬಹುದು."

ಮೂರರಲ್ಲೂ ಅದೇ ಬರಹ. ನಾನು ಅಡುಗೆಮನೆಯತ್ತ ನೋಡಿದೆ. ಭಾಗ್ಯ ಮೊಣಕೈವರೆಗೆ ಹಿಟ್ಟಾಗಿದ್ದ ಕೈಗಳೊಂದಿಗೆ ಬಾಗಿಲಿಗೆ ಬಂದಳು.

"ಬೆಳಗ್ಗೆ ಕಂಪ್ನಿಯವನ ಮೆಸೇಜ್ ಬಂದಿತ್ತು. ಇವತ್ತಿಂದ ರೇಟು ಜಾಸ್ತಿ, ಯಾವ ಪ್ಲಾನ್ ಬೇಕು ಅಂತ ಕೇಳ್ದ. ಕಮ್ಮಿದು ಒತ್ತ್‌ಬುಟ್ಟೆ. ನಂಗೆ ಫೋನೇ ಸಾಕು."

ಖಾತೆ ಅವಳ ನಂಬರಿನಲ್ಲಿತ್ತು, ಕೇಳಿದ್ದು ಅವಳನ್ನು, ಉತ್ತರಿಸಿದ್ದು ಅವಳು. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಆಮೇಲೆ ಷಡ್ಕರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಈಗ ನಿಮ್ ಟಿವಿನೂ ನಿಮ್ ಮನೇದಲ್ಲ ಬುಡಿ ಶಿವಣ್ಣ," ಎಂದು ನನ್ನ ಬೆನ್ನು ತಟ್ಟಿದರು.

ಅಕ್ಕತಂಗಿಯರು ಆಗಲೇ ಒಬ್ಬಟ್ಟಿನ ಹೆಂಚಿನ ಮುಂದೆ ಒಟ್ಟಿಗೆ ಕೂತಿದ್ದರು. ಮನೆಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಭಾಗ್ಯ ಸಾಲಿನಲ್ಲಿದ್ದವರಿಗೆಲ್ಲ ಎಲೆ ಹಾಕಿಸಿದಳು. ಟಿವಿಗೆಂದು ಬಂದ ಜನ ಒಬ್ಬಟ್ಟು ತಿಂದು, ಹೊಸ ವಿಷಯ ಒಂದು ಸಿಕ್ಕಿತೆಂದು ಸಂತೋಷವಾಗಿಯೇ ಹೋದರು. ಚಿಕ್ಕತಾಯಮ್ಮ ಮಾತ್ರ ಹೋಗುವಾಗ, ಮುಂದಿನ ಕಂತಿನಲ್ಲಿ ಬಂದರೆ ತನ್ನನ್ನು ಮರೆಯಬೇಡಿ ಎಂದು ಆಧಾರ್ ಜೆರಾಕ್ಸನ್ನು ನನ್ನ ಕೈಗೆ ಕೊಟ್ಟೇ ಹೋದರು. ನನಗೂ ನಾಲ್ಕು ಒಬ್ಬಟ್ಟು ಉಳಿಯುತ್ತವೆ ಅಂದುಕೊಂಡಿದ್ದೆ. ಒಂದು ಉಳಿದಿತ್ತು, ಅದನ್ನು ಅಧ್ಯಕ್ಷರಿಗೆ ಹಾಕಿದರು.

ಅವರು ಒಬ್ಬಟ್ಟು ತಿಂದರೂ ಲಿಖಿತ ವಿವರಣೆ ಕೇಳುವುದನ್ನು ಬಿಡಲಿಲ್ಲ. ಎರಡು ಪುಟ ಬರೆದುಕೊಟ್ಟೆ. ಸ್ಟಿಕ್ಕಿನ ಚಿತ್ರವನ್ನೂ ಬಿಡಿಸಿದ್ದೆ. ಆಡಳಿತ ಮಂಡಳಿಯ ಸಭೆಯಲ್ಲಿ ಅದನ್ನು ಓದಲಾಯಿತು. ಕಾರ್ಯದರ್ಶಿಯವರ ವಿವರಣೆ ಅರ್ಥವಾಗದಿದ್ದರೂ ಅದನ್ನು ಸರ್ವಾನುಮತದಿಂದ ಅಂಗೀಕರಿಸಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಬರೆದವನು ನಾನೇ. ಬರೆಯುವುದು ನನ್ನ ಕೆಲಸ.

ಮೂರೂ ಮನೆಯವರು ಈಗ ತಮ್ಮ ತಮ್ಮ ಪ್ಲಾನು ತೆಗೆದುಕೊಂಡಿದ್ದಾರೆ. ಭಾಗ್ಯ ಪಾಸ್‌ವರ್ಡು ಬದಲಾಯಿಸಿದ್ದಾಳೆ. ಹೊಸದು ಏನೆಂದು ಕೇಳಿದೆ. ನಿಮಗೆ ಹೇಳಿದರೆ ನಾಲ್ಕು ತಾಲ್ಲೂಕಿಗೆ ಗೊತ್ತಾಗುತ್ತದೆ ಎಂದಳು. ಸಂಜೆ ಅವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಧಾರಾವಾಹಿ ನೋಡುತ್ತಾ ಅಡುಗೆ ಮಾಡುತ್ತಾಳೆ. ನಾನು ಹೊಸ್ತಿಲ ಮೇಲೆ ಕೂತು, ಈಗ ಏನಾಯ್ತು ಎಂದು ಕೇಳುತ್ತೇನೆ. ಮನಸ್ಸು ಬಂದರೆ ಹೇಳುತ್ತಾಳೆ. ಕತೆ ಬಿಟ್ಟಿ, ಆದರೆ ನಡುನಡುವೆ ಜಾಹೀರಾತು ಉಂಟು: ಹಸುಗೆ ನೀರಿಟ್ಟು ಬನ್ನಿ, ಮೋಟ್ರು ಆಫ್ ಮಾಡಿ ಬನ್ನಿ. ನಿನ್ನೆ ನಾಯಕಿಯ ಕತ್ತಿಗೆ ತಾಳಿ ಬೀಳುವ ಹೊತ್ತಿಗೆ ಸರಿಯಾಗಿ ನೀರಿಡಲು ಕಳಿಸಿದಳು. ಓಡಿ ಹೋಗಿ ಓಡಿ ಬಂದೆ. ಅಷ್ಟರಲ್ಲಿ ಮದುವೆ ಮುರಿದುಬಿದ್ದಿತ್ತು. ಯಾಕೆ ಮುರಿಯಿತೆಂದು ಕೇಳಿದರೆ, ಬಕೆಟ್ಟು ಎಲ್ಲಿಟ್ಟಿರಿ ಎಂದಳು.